ಉರಿಮೂತ್ರದ ಸಿರಪ್ಪಿಗೆ ಮೂರೇ ನಕ್ಷತ್ರ ಏಕೆ?

ಐದರಲ್ಲಿ ಮೂರು. ಔಷಧ ಕೆಟ್ಟದ್ದೆಂದು ಎರಡನ್ನು ಕಳೆದಿಲ್ಲ. ಒಂದು ಹೋದದ್ದು ಲೇಬಲ್ಲಿಗೆ, ಇನ್ನೊಂದು ಹೋದದ್ದು ಈ ಬಾಟಲಿಯನ್ನು ನಮ್ಮ ಕಡೆ ಮಾರುವ ರೀತಿಗೆ.

ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್ ಎಂಬ ಲವಣವಿರುವ ಈ ಸಿರಪ್ಪು ಹಲವು ಕಂಪನಿಗಳ ಹೆಸರಿನಲ್ಲಿ ಬರುತ್ತದೆ. ಒಳಗಿನ ಸರಕು ಹೆಚ್ಚುಕಡಿಮೆ ಒಂದೇ ಆದ್ದರಿಂದ ಯಾವ ಕಂಪನಿಯದು ಎಂದು ಬರೆಯುತ್ತಿಲ್ಲ. ಹೊಸನಗರವಿರಲಿ, ಸಾಗರವಿರಲಿ, ಶಿವಮೊಗ್ಗದ ದುರ್ಗಿಗುಡಿಯೇ ಇರಲಿ, ಮೆಡಿಕಲ್ ಅಂಗಡಿಯಲ್ಲಿ "ಉರಿಮೂತ್ರಕ್ಕೆ ಏನಾದರೂ ಕೊಡಿ" ಎಂದರೆ ಬಹುತೇಕ ಕಡೆ ಚೀಟಿ ಕೇಳದೆ ಕೈಗಿಡುವುದು ಇದನ್ನೇ. ಬೆಲೆ ಹೊರೆಯಾಗುವಂಥದ್ದಲ್ಲ. ರುಚಿ ನಿಂಬೆ ಪೆಪ್ಪರಮಿಂಟಿಗೆ ಉಪ್ಪು ಸವರಿದ ಹಾಗೆ. ನನಗೆ ಹಿಡಿಸುತ್ತದೆ, ನಮ್ಮ ಮನೆಯವರಿಗೆ ಹಿಡಿಸುವುದಿಲ್ಲ. ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳಕ್ಕೆ ಮಾತ್ರ ಪೂರ್ತಿ ಅಂಕ. ಅಡುಗೆಮನೆಯ ಚಮಚಗಳು ಒಂದೊಂದು ಒಂದೊಂದು ಅಳತೆ. ನಮ್ಮ ಮನೆಯ ಪಾಯಸದ ಚಮಚದಲ್ಲಿ ಔಷಧದ ಎರಡು ಚಮಚ ಆರಾಮವಾಗಿ ಹಿಡಿಯುತ್ತದೆ.

ಮಲೆನಾಡಿನ ಹೆಂಗಸರಿಗೆ ಈ ಬಾಟಲಿಯ ಪರಿಚಯ ಚೆನ್ನಾಗಿಯೇ ಇದೆ. ಅಡಿಕೆ ಸುಲಿತದ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತರೆ ಬೇಗ ಏಳುವಂತಿಲ್ಲ. ಎದ್ದರೆ ಲೆಕ್ಕದಲ್ಲಿ ಡಬ್ಬ ಕಡಿಮೆ, ಡಬ್ಬ ಕಡಿಮೆಯಾದರೆ ಕೂಲಿ ಕಡಿಮೆ. ಚಳಿಗೆ ನೀರಿನ ನೆನಪೂ ಆಗುವುದಿಲ್ಲ, ಕುಡಿದರೂ ಅದು ಚಹಾ. ಬಂದ ಮೂತ್ರವನ್ನು ಗಂಟೆಗಟ್ಟಲೆ ತಡೆದು ಕುಳಿತವರಿಗೆ ಉರಿ ಶುರುವಾದರೆ "ಉಷ್ಣವಾಗಿದೆ" ಎಂಬ ಒಂದೇ ಮಾತಿನಲ್ಲಿ ವಿಚಾರಣೆ ಮುಗಿಯುತ್ತದೆ. ಬಾಳೆದಿಂಡಿನ ರಸ, ಬಾರ್ಲಿ ನೀರು, ಸೊಗದೆ ಬೇರಿನ ಶರಬತ್ತು ಆದ ಮೇಲೆ ಈ ಸಿರಪ್ಪು. ನಮ್ಮ ಚಪ್ಪರದಡಿ ಸುಲಿಯಲು ಬರುವವರಲ್ಲಿ ಒಬ್ಬಾಕೆ ಒಂದು ಬಾಟಲಿಯನ್ನು ಚೀಲದಲ್ಲೇ ಇಟ್ಟುಕೊಂಡು, ನೀರು ಬೆರೆಸದೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಅದನ್ನು ನೋಡಿದ ಮೇಲೆಯೇ ಇದರ ಬಗ್ಗೆ ಬರೆಯಬೇಕು ಅನ್ನಿಸಿದ್ದು.

ಔಷಧದ ಕೆಲಸ ಸರಳ. ಸಿಟ್ರೇಟ್ ಹೊಟ್ಟೆಗೆ ಹೋಗಿ, ಮುಖ್ಯವಾಗಿ ಯಕೃತ್ತಿನಲ್ಲಿ ಬೈಕಾರ್ಬನೇಟ್ ಆಗುತ್ತದೆ. ಹೆಚ್ಚಾದ ಬೈಕಾರ್ಬನೇಟನ್ನು ಕಿಡ್ನಿ ಮೂತ್ರಕ್ಕೆ ಬಿಡುತ್ತದೆ, ಮೂತ್ರದ ಹುಳಿ ಇಳಿಯುತ್ತದೆ. ಆರೋಗ್ಯವಂತರ ಮೂತ್ರದ ಪಿಎಚ್ (ಹುಳಿ ಅಳೆಯುವ ಅಂಕಿ, ಹುಳಿ ಇಳಿದಷ್ಟೂ ಇದು ಏರುತ್ತದೆ) ಸುಮಾರು 4.5ರಿಂದ 8ರ ನಡುವೆ ಏರಿಳಿಯುತ್ತಿರುತ್ತದೆ, ಸಾಮಾನ್ಯವಾಗಿ 6ರ ಆಸುಪಾಸು. ಸಿರಪ್ಪು ಆ ಅಂಕಿಯನ್ನು ಮೇಲಕ್ಕೆ ತಳ್ಳುತ್ತದೆ, ಅಷ್ಟೇ. ಸೋಂಕಿನ ಬ್ಯಾಕ್ಟೀರಿಯಾವನ್ನು ಇದು ಕೊಲ್ಲುವುದಿಲ್ಲ. ಉರಿ ಶಮನವಾಗುತ್ತದೆ ಎಂಬುದಕ್ಕೂ ಗಟ್ಟಿ ಪುರಾವೆ ಇದೆ ಎನ್ನುವಂತಿಲ್ಲ: 2016ರಲ್ಲಿ, ಔಷಧ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಜರಡಿ ಹಿಡಿಯುವ ಕಾಕ್ರೇನ್ ಪರಿಶೀಲನೆಯವರು ಇದನ್ನೇ ಪ್ರಶ್ನೆಯಾಗಿಟ್ಟುಕೊಂಡು ಹುಡುಕಿದಾಗ, ತೀರ್ಮಾನ ಹೇಳಲು ಬೇಕಾದ ಸರಿಯಾದ ಪ್ರಯೋಗಗಳೇ ಅವರಿಗೆ ಸಿಗಲಿಲ್ಲ. ನನಗೆ ಕುಡಿದ ದಿನ ಹಾಯೆನಿಸುತ್ತದೆ. ಆದರೆ ಪ್ರತಿ ಸಲ ಅದರ ಜೊತೆ ದೊಡ್ಡ ಲೋಟದ ತುಂಬ ನೀರನ್ನೂ ಕುಡಿಯುತ್ತೇನೆ. ಹಾಯೆನಿಸಿದ್ದು ಯಾವುದರಿಂದ ಎಂದು ಕೇಳಿದರೆ ಪ್ರಮಾಣ ಮಾಡಿ ಹೇಳಲಾರೆ.

ಮಾರುವ ರೀತಿಯ ಬಗ್ಗೆ ನನ್ನ ತಕರಾರು ಹುಟ್ಟುವುದು ಇಲ್ಲೇ. ಉರಿ ಸ್ವಲ್ಪ ಇಳಿದರೆ ಕಾಯಿಲೆಯೇ ಹೋಯಿತು ಎಂದುಕೊಂಡು ಮೂತ್ರ ಪರೀಕ್ಷೆಯನ್ನು ಮುಂದೂಡುತ್ತೇವೆ. ಅತ್ತ ಸೋಂಕು ಮೂತ್ರಕೋಶದಿಂದ ಕಿಡ್ನಿಯ ಕಡೆಗೆ ಹತ್ತಬಹುದು. ಚಳಿಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ವಾಂತಿ, ಮೂತ್ರದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಮೆಡಿಕಲ್ ಅಂಗಡಿಯ ಮೆಟ್ಟಿಲಲ್ಲಿ ನಿಲ್ಲದೆ ನೇರ ವೈದ್ಯರ ಬಳಿಗೆ ಹೋಗಬೇಕು. ಬಸುರಿಯರು, ಮಕ್ಕಳು, ಗಂಡಸರು ಉರಿ ಎಂದರೆ ಯಾವ ಲಕ್ಷಣಕ್ಕೂ ಕಾಯುವಂತಿಲ್ಲ. ಕಲ್ಚರ್ ಪರೀಕ್ಷೆಗೆ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಯಾವುದೆಂದು ನೋಡುವುದು) ಮೂತ್ರ ಕೊಡುವುದಾದರೆ ಆ್ಯಂಟಿಬಯೊಟಿಕ್ಕಿನ ಮೊದಲ ಮಾತ್ರೆ ನುಂಗುವ ಮುಂಚೆ ಕೊಡಬೇಕು. ಬೆಳಿಗ್ಗೆ ಮನೆಯಲ್ಲೇ ಹಿಡಿದು ಬ್ಯಾಗಿನಲ್ಲಿಟ್ಟುಕೊಂಡು ರಿಪ್ಪನ್‌ಪೇಟೆ, ಆಯನೂರು ದಾಟಿ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಒಯ್ದರೆ ಪ್ರಯೋಜನವಿಲ್ಲ. ತಂಪಿನಲ್ಲಿಡದ ಮೂತ್ರದಲ್ಲಿ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತವೆ, ವರದಿ ಕೆಡುತ್ತದೆ. ಪ್ರಯೋಗಾಲಯಕ್ಕೇ ಹೋಗಿ, ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿದು ಕೊಡಿ.

ದುರ್ಗಿಗುಡಿಯ ಒಂದು ಮೆಡಿಕಲ್‌ನಲ್ಲಿ ಗಲ್ಲಾದಲ್ಲಿ ಕೂರುವ ಫಾರ್ಮಸಿಸ್ಟನನ್ನು ಹೊಗಳದೆ ಮುಂದೆ ಹೋಗಲಾರೆ. ಕಳೆದ ಸುಲಿತದ ಕಾಲದಲ್ಲಿ ನನಗೆ ಸೋಂಕಾಗಿ ವೈದ್ಯರು ನೈಟ್ರೋಫ್ಯುರಾಂಟೊಯಿನ್ ಎಂಬ ಆ್ಯಂಟಿಬಯೊಟಿಕ್ ಕ್ಯಾಪ್ಸೂಲ್ ಬರೆದಿದ್ದರು. ಅದನ್ನು ಕೊಂಡು, "ಆ ನಿಂಬೆಯ ಸಿರಪ್ಪನ್ನೂ ಒಂದು ಹಾಕಿ" ಎಂದೆ. ಆತ ಬಾಟಲಿಯನ್ನು ಕಪಾಟಿನಿಂದ ತೆಗೆಯಲೇ ಇಲ್ಲ.

"ಇದರ ಜೊತೆ ಅದು ಬೇಡ ಅಮ್ಮ. ಈ ಕ್ಯಾಪ್ಸೂಲು ಹುಳಿ ಮೂತ್ರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಹುಳಿ ತೆಗೆದರೆ ಅದರ ಬಲ ಕುಗ್ಗುತ್ತದೆ."

"ಉರಿ ತಡೆಯುವುದು ಹೇಗೆ ಮತ್ತೆ?"

"ನೀರು ಕುಡಿಯಿರಿ, ಕ್ಯಾಪ್ಸೂಲನ್ನು ಊಟದ ಜೊತೆ ತೆಗೆದುಕೊಳ್ಳಿ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಕ್ಯಾಪ್ಸೂಲಿನ ಬಣ್ಣ. ಆದರೂ ತಡೆಯಲಾಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ."

ಮಾರಾಟ ಬಿಟ್ಟುಕೊಟ್ಟು ಮಾತು ಹೇಳಿದ ಆ ಅಂಗಡಿಗೆ ಬೇಕಾದರೆ ಐದು ನಕ್ಷತ್ರ ಕೊಡುತ್ತೇನೆ. ಆತ ಹೇಳಿದ್ದು ಆ ಒಂದು ಮದ್ದಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮತ್ತೆ ಮತ್ತೆ ಬರುವ ಸೋಂಕು ತಡೆಯಲು ಕೊಡುವ ಮೆಥನಮೀನ್ ಎಂಬ ಔಷಧಕ್ಕೂ ಹುಳಿ ಮೂತ್ರವೇ ಬೇಕು. ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೊಟಿಕ್ ಕ್ಷಾರೀಯ (ಹುಳಿ ಕಳೆದ) ಮೂತ್ರದಲ್ಲಿ ಸರಿಯಾಗಿ ಕರಗದೆ ಹರಳಾಗುವ ಸಾಧ್ಯತೆಯಿದೆ. ಮಾನಸಿಕ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಈ ಸಿರಪ್ಪು ಲಿಥಿಯಂ ಬೇಗ ಹೊರಹೋಗುವಂತೆ ಮಾಡಬಹುದು. ಗ್ಯಾಸಿಗೆ ಕುಡಿಯುವ, ಅಲ್ಯೂಮಿನಿಯಂ ಇರುವ ಆ್ಯಂಟಾಸಿಡ್‌ ಜೊತೆ ಸಿಟ್ರೇಟ್ ಸೇರಿದರೆ ಅಲ್ಯೂಮಿನಿಯಂ ಮೈಗೆ ಹೆಚ್ಚು ಹಿಡಿಯುತ್ತದೆ, ಕಿಡ್ನಿ ಸೊರಗಿದವರಿಗೆ ಅದು ಅಪಾಯ. ಇಷ್ಟೆಲ್ಲ ಒಂದು "ನಿರುಪದ್ರವಿ" ನಿಂಬೆ ಸಿರಪ್ಪಿನ ಹಿಂದೆ ಇದೆ ಎಂದು ಕೌಂಟರಿನ ಈಚೆ ನಿಂತವರಿಗೆ ಯಾರೂ ಹೇಳುವುದಿಲ್ಲ.

ಇನ್ನು ಲೇಬಲ್ಲು. ಅಡಿಕೆ ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತಳಾದ ನನಗೆ ಸಣ್ಣ ಅಕ್ಷರ ಓದುವುದು ಚಟ. ನನ್ನ ಬಾಟಲಿಯ ಮೇಲೆ 5 ಮಿಲಿಲೀಟರಿಗೆ ಸುಮಾರು 1.4 ಗ್ರಾಂ ಲವಣ ಎಂದಿದೆ. ಅದರಲ್ಲಿ ಸೋಡಿಯಂ ಎಷ್ಟು ಎಂದು ಮಾತ್ರ ಇಲ್ಲ. ಡೈಸೋಡಿಯಂ ಎಂದ ಮೇಲೆ ಎರಡು ಸೋಡಿಯಂ ಇರಬೇಕಲ್ಲ ಎಂದು ಫಾರ್ಮಸಿ ಓದುತ್ತಿರುವ ತಂಗಿಯ ಮಗಳನ್ನು ಕೇಳಿದೆ. ಅವಳು ಬರೆದು ತೋರಿಸಿದಳು: ಲವಣದ ಅಣುತೂಕ 236, ಅದರಲ್ಲಿ ಸೋಡಿಯಂ 46, ಅಂದರೆ ಐದರಲ್ಲಿ ಒಂದು ಪಾಲಿಗೆ ಸ್ವಲ್ಪ ಕಡಿಮೆ. ಉಳಿದ ಲೆಕ್ಕ ನನ್ನದು. 5 ಮಿಲಿಲೀಟರಿಗೆ ಸುಮಾರು ಕಾಲು ಗ್ರಾಂ ಸೋಡಿಯಂ. ನನಗೆ ಹಿಂದೊಮ್ಮೆ ಬರೆದುಕೊಟ್ಟಿದ್ದಂತೆ 10 ಮಿಲಿಲೀಟರನ್ನು ದಿನಕ್ಕೆ ಮೂರು ಸಲ ಕುಡಿದರೆ ಒಂದೂವರೆ ಗ್ರಾಂ. ಅಡುಗೆ ಉಪ್ಪಿನ ಲೆಕ್ಕಕ್ಕೆ ತಂದರೆ ಹತ್ತಿರ ಹತ್ತಿರ ನಾಲ್ಕು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವುದು 5 ಗ್ರಾಂ ಉಪ್ಪಿಗಿಂತ ಕಡಿಮೆ. ಊಟಕ್ಕೆ ಕುಳಿತುಕೊಳ್ಳುವ ಮೊದಲೇ ಮುಕ್ಕಾಲು ಪಾಲು ಖರ್ಚಾಯಿತು, ಮೇಲೆ ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಬೇರೆ.

ಗಟ್ಟಿಮುಟ್ಟಾದವರಿಗೆ ಎರಡು ಮೂರು ದಿನದ ಮಟ್ಟಿಗೆ ಇದು ದೊಡ್ಡ ಸಂಗತಿಯಲ್ಲದಿರಬಹುದು. ನಮ್ಮ ಅತ್ತೆಯವರ ಮಾತು ಬೇರೆ. ಎಂಬತ್ತರ ಹತ್ತಿರದ ಜೀವ, ರಕ್ತದೊತ್ತಡ, ಹೃದಯ ದುರ್ಬಲವೆಂದು ನೀರು ಇಳಿಸುವ ಮಾತ್ರೆ, ಸಂಜೆಯಾದರೆ ಕಾಲು ಬಾವು. ಅವರ ತಟ್ಟೆಗೆ ಉಪ್ಪಿನಕಾಯಿ ಬಡಿಸಬಾರದೆಂದು ವೈದ್ಯರು ಹೇಳಿದಂದಿನಿಂದ ನಮ್ಮಿಬ್ಬರ ನಡುವೆ ಶೀತಲ ಸಮರ ನಡೆದಿದೆ. ಅವರಿಗೆ ಉರಿ ಶುರುವಾದಾಗ ನನ್ನ ಬಾಟಲಿ ಕೇಳಿದರು. ಕೊಡಲಿಲ್ಲ.

"ಉಪ್ಪಿನಕಾಯಿಯೂ ಬೇಡ, ಔಷಧವೂ ಬೇಡ ಎಂದರೆ ನಾನು ಏನು ತಿನ್ನಲಿ ಮಾರಾಯ್ತಿ?"

"ಅತ್ತೆ, ಈ ಬಾಟಲಿಯಲ್ಲಿರುವುದೂ ನಿಮಗೆ ಬೇಡವೆಂದ ಸರಕೇ."

ಅವರಿಗೆ ನಂಬಿಕೆ ಬರಲಿಲ್ಲ. ಉಪ್ಪಿನ ರುಚಿ ಅಷ್ಟಿಲ್ಲವಲ್ಲ ಎಂದರು. ಮರುದಿನ ಅವರ ವೈದ್ಯರೂ ಸಿರಪ್ಪು ಬೇಡವೆಂದೇ ಹೇಳಿದರು: ಹೃದಯ ದುರ್ಬಲವಿದ್ದವರಿಗೆ, ಕಿಡ್ನಿ ಕೆಲಸ ತಗ್ಗಿದವರಿಗೆ, ಒತ್ತಡ ಹತೋಟಿಯಲ್ಲಿ ಇಲ್ಲದವರಿಗೆ ಸೋಡಿಯಂ ಇರುವ ಮದ್ದನ್ನು ಕೇಳದೆ ಕೊಡಬಾರದು. "ನೀರು ಜಾಸ್ತಿ ಕುಡಿಯಿರಿ" ಎಂಬ ಎಲ್ಲರ ಉಪದೇಶವೂ ಅತ್ತೆಯವರಿಗೆ ಅನ್ವಯಿಸುವುದಿಲ್ಲ. ಅವರಿಗೆ ದಿನದ ನೀರಿಗೂ ಮಿತಿಯಿದೆ. ಪರೀಕ್ಷೆಯಲ್ಲಿ ಸೋಂಕು ಕಂಡಿತು, ಅವರ ಕಿಡ್ನಿಯ ವರದಿ ನೋಡಿ ಬೇರೆ ಆ್ಯಂಟಿಬಯೊಟಿಕ್ ಕೊಟ್ಟರು. ಕಡಿಮೆಯಾಯಿತು.

ಸಿರಪ್ಪು ಸಿಗದಿದ್ದರೆ ಅಡುಗೆ ಸೋಡಾ ಕಲಕಿ ಕುಡಿಯುವ ಪದ್ಧತಿ ನಮ್ಮ ಕಡೆ ಇದೆ. ಅದೂ ಇದೇ ಕೆಲಸ ಮಾಡುತ್ತದೆ, ಆದರೆ ಮಟ್ಟಸವಾದ ಒಂದು ಚಹಾ ಚಮಚ ಸೋಡಾದಲ್ಲಿ 1.2 ಗ್ರಾಂಗಿಂತ ಹೆಚ್ಚು ಸೋಡಿಯಂ ಇರುತ್ತದೆ. ನೊರೆ ಬರುವ ಗ್ಯಾಸಿನ ಪುಡಿಯಲ್ಲಿಯೂ ಅದೇ ಸೋಡಾ. ಎರಡನ್ನೋ ಮೂರನ್ನೋ ಒಂದೇ ದಿನ ಕುಡಿದವರು ಒತ್ತಡ ಏಕೆ ಏರಿತು ಎಂದು ಹುಡುಕುತ್ತಾ ಕೂರಬೇಕಾಗಿಲ್ಲ. ಸಕ್ಕರೆ ಕಾಯಿಲೆಯವರು ಸಿರಪ್ಪು ಕೊಳ್ಳುವಾಗ ಸಕ್ಕರೆ ಹಾಕದ್ದನ್ನು ಕೇಳಿ ಪಡೆಯಬಹುದು. ಊಟದ ನಂತರ, ಒಂದು ಲೋಟ ನೀರಿಗೆ ಬೆರೆಸಿ ಕುಡಿದರೆ ಹೊಟ್ಟೆ ತೊಳಸುವುದು, ಭೇದಿಯಾಗುವುದು ಕಡಿಮೆ. ಸುಲಿತದವಳಿಗೂ ನಾನು ಹೇಳಿದ್ದು ಇದನ್ನೇ, ಜೊತೆಗೆ ಹೊಸನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸಲು ಅರ್ಧ ದಿನದ ಕೂಲಿಯನ್ನು ನಾವೇ ಕೊಟ್ಟೆವು. ಏಳಲು ಬಿಡುವು ಕೊಡದೆ ಔಷಧದ ಬಗ್ಗೆ ಭಾಷಣ ಮಾಡಿದರೆ ಯಾರು ಕೇಳುತ್ತಾರೆ?

ಈ ಬಗೆಯ ಮದ್ದು ನಿಜವಾಗಿ ಬೆಲೆ ಕಟ್ಟಿಕೊಳ್ಳುವುದು ಕಲ್ಲಿನ ವಿಷಯದಲ್ಲಿ, ಅದೂ ಎಲ್ಲ ಕಲ್ಲಿಗೂ ಅಲ್ಲ. ನಮ್ಮ ಮನೆಯವರ ಕಿಡ್ನಿಯಲ್ಲಿ ಯೂರಿಕ್ ಆಮ್ಲದ ಕಲ್ಲು. ಮಾಮೂಲಿ ಎಕ್ಸ್‌-ರೇಯಲ್ಲಿ ಅದು ಕಾಣಲಿಲ್ಲ, ಸಿ.ಟಿ. ಸ್ಕ್ಯಾನಿನಲ್ಲಿ ಸಿಕ್ಕಿಬಿತ್ತು. ಮೂತ್ರದ ಹುಳಿ ಇಳಿಸಿದರೆ ಈ ಜಾತಿಯ ಕಲ್ಲು ಕರಗುತ್ತದೆ, ಕತ್ತರಿ ಮುಟ್ಟಿಸಬೇಕಾಗದೆಯೂ ಇರಬಹುದು. ಹೆಚ್ಚು ಮಂದಿಗೆ ಬರುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಹಾಗೆ ಕರಗುವುದಿಲ್ಲ, ಹೊಸದಾಗಿ ಕಟ್ಟುವುದನ್ನು ಸಿಟ್ರೇಟ್ ತಡೆಯಬಹುದು ಅಷ್ಟೆ. ಸೋಂಕಿನಿಂದಾಗುವ ಕಲ್ಲು ಕ್ಷಾರೀಯ ಮೂತ್ರದಲ್ಲೇ ಬೆಳೆಯುವಂಥದ್ದು, ಅಲ್ಲಿ ಈ ಮದ್ದು ಬೆಂಕಿಗೆ ತುಪ್ಪ. ಪಕ್ಕದ ಮನೆಯವರಿಗೆ ಗುಣವಾಯಿತೆಂದು ಅದೇ ಬಾಟಲಿ ತರುವವರು ಮೊದಲು ತಮ್ಮ ಕಲ್ಲಿನ ಜಾತಿ ತಿಳಿದುಕೊಳ್ಳಬೇಕು.

ಅವರಿಗೆ ಬರೆದದ್ದು ನನ್ನ ಸಿರಪ್ಪಲ್ಲ, ಪೊಟ್ಯಾಸಿಯಂ ಸಿಟ್ರೇಟ್. ಎರಡೂ ಬಾಟಲಿಗಳ ಬಣ್ಣ, ಗಾತ್ರ ಒಂದೇ ಥರ ಇರುವುದರಿಂದ ನನ್ನದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಅವರು ಒತ್ತಡಕ್ಕೆ ಟೆಲ್ಮಿಸಾರ್ಟಾನ್ ನುಂಗುತ್ತಾರೆ. ಆ ಮಾತ್ರೆಯೂ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಲ್ಲದು, ಈ ಮದ್ದೂ ಏರಿಸಬಲ್ಲದು. ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಅದಕ್ಕಾಗಿ ಶುರು ಮಾಡುವ ಮುಂಚೆ ಒಮ್ಮೆ, ಆಮೇಲೆ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರು. ಎಳನೀರಿನಲ್ಲೂ ಪೊಟ್ಯಾಸಿಯಂ ಧಾರಾಳ ಎಂದು ಕೇಳಿ ತೋಟದ ತೆಂಗಿನ ಮರದ ಕಡೆ ನೋಡುವುದನ್ನೂ ಕಡಿಮೆ ಮಾಡಿದ್ದಾರೆ.

ಮನೆಯಲ್ಲಿ ಮೂತ್ರದ ಪಿಎಚ್ ನೋಡಲು ಬಣ್ಣ ಬದಲಿಸುವ ಕಾಗದದ ಪಟ್ಟಿಗಳಿವೆ. ಅವರಿಗೆ ಹೇಳಿರುವ ಗುರಿ 6.5ರ ಆಸುಪಾಸು, 7 ದಾಟಿದರೆ ಡೋಸ್ ಬಗ್ಗೆ ಫೋನ್ ಮಾಡಬೇಕು, ಏಕೆಂದರೆ ಅದಕ್ಕಿಂತ ಮೇಲೆ ಹೋದರೆ ಕ್ಯಾಲ್ಸಿಯಂ ಫಾಸ್ಫೇಟಿನ ಬೇರೊಂದು ಕಲ್ಲು ಕಟ್ಟುವ ಭಯ. ಒಂದನ್ನು ಕರಗಿಸಲು ಹೋಗಿ ಇನ್ನೊಂದನ್ನು ಸಾಕುವುದು ಬೇಡವಲ್ಲ. ಪಟ್ಟಿಯ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣದ ಜೊತೆ ಹೋಲಿಸಿ ನೋಡುವಾಗ ಅವರಿಗೂ ನನಗೂ ದಿನಾ ವಾದ: ಅವರಿಗೆ ಹಸಿರಾಗಿ ಕಂಡದ್ದು ನನಗೆ ಹಳದಿ. ಹಗಲಿನ ಬೆಳಕಿನಲ್ಲಿ ನೋಡಿ, ವಿದ್ಯುತ್ ದೀಪದಡಿ ಬೇಡ. ಅಂಕಿಗಳನ್ನು ನಾನು ಹಳೆಯ ಸೊಸೈಟಿ ಲೆಡ್ಜರಿನಲ್ಲಿ ಬರೆದಿಡುತ್ತಿದ್ದೇನೆ. ಮುಂದಿನ ಸ್ಕ್ಯಾನು ಬರುವ ತಿಂಗಳಿದೆ. ಕಲ್ಲು ಎಷ್ಟು ಸವೆದಿದೆ ಎಂದು ಗೊತ್ತಾದ ಮೇಲೆ ಆ ಪೊಟ್ಯಾಸಿಯಂ ಬಾಟಲಿಯ ವಿಮರ್ಶೆಯನ್ನು ಬೇರೆಯಾಗಿಯೇ ಬರೆಯುತ್ತೇನೆ.