ಐದಿಂಚಿನ ರೇಸಿಂಗ್ ಡ್ರೋನ್ ಕಿಟ್: ಬಳ್ಳಾರಿಯ ಧೂಳಿಗೂ ಬಿಸಿಲಿಗೂ ಎಷ್ಟು ತಾಳುತ್ತದೆ?

ಐದಕ್ಕೆ ಮೂರೂವರೆ ಅಂಕ. ಹಾರಾಟವೊಂದನ್ನೇ ನೋಡಿದರೆ ಐದಕ್ಕೆ ಐದೂ ಕೊಡಬಹುದು. ಒಂದು ಅಂಕ ಹೋದದ್ದು ಮೋಟಾರಿನ ಬೇರಿಂಗಿಗೆ, ಅರ್ಧ ಅಂಕ ಕಿಟ್ ಜೊತೆ ಬರುವ ಸ್ಕ್ರೂ ಪೊಟ್ಟಣಕ್ಕೆ.

ಕಿಟ್ ಯಾರದು ಅನ್ನುವುದು ಮುಖ್ಯವಲ್ಲ, ಇದೇ ನಮೂನೆಯವು ಹತ್ತು ಕಡೆ ಸಿಗುತ್ತವೆ: 5 ಮಿ.ಮೀ. ದಪ್ಪದ, ಬಿಚ್ಚಿ ಬದಲಿಸಬಹುದಾದ ತೋಳುಗಳ ಕಾರ್ಬನ್ ಫ್ರೇಮ್, 2207 ಅಳತೆಯ 1950 ಕೆವಿ (ವೋಲ್ಟಿಗೆ ನಿಮಿಷಕ್ಕೆ 1950 ಸುತ್ತು) ಮೋಟಾರ್ ನಾಲ್ಕು, ಹಾರಾಟ ನಿಯಂತ್ರಿಸುವ ಎಫ್7 ಫ್ಲೈಟ್ ಕಂಟ್ರೋಲರ್, ಅದರ ಕೆಳಗೆ ನಾಲ್ಕೂ ಮೋಟಾರಿನ ವೇಗ ನಿಯಂತ್ರಿಸುವ 55 ಆಂಪಿಯರಿನ ನಾಲ್ಕು-ಒಂದರಲ್ಲಿ ಇಎಸ್‌ಸಿ, ಅನಲಾಗ್ ಕ್ಯಾಮೆರಾ ಮತ್ತು ವಿಡಿಯೊ ಟ್ರಾನ್ಸ್‌ಮಿಟರ್, ರೇಡಿಯೊದ ಆದೇಶ ಹಿಡಿಯುವ 2.4 ಗಿಗಾಹರ್ಟ್ಸ್ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ರಿಸೀವರ್. ಬ್ಯಾಟರಿ, ಕೈಯಲ್ಲಿ ಹಿಡಿಯುವ ರೇಡಿಯೊ, ಡ್ರೋನಿನ ಚಿತ್ರ ತೋರಿಸುವ ಗಾಗಲ್ಸ್ ಬೇರೆ ಕೊಳ್ಳಬೇಕು. 6ಎಸ್ (ಆರು ಸೆಲ್ಲಿನ) 1300 ಎಂಎಎಚ್ ಬ್ಯಾಟರಿ ಕಟ್ಟಿದರೆ ಒಟ್ಟು ತೂಕ 600 ಗ್ರಾಂ ದಾಟುತ್ತದೆ. 2022ರ ಫೆಬ್ರುವರಿಯಿಂದ ಹೊರದೇಶದ ಸಿದ್ಧ ಡ್ರೋನೂ ಬಿಡಿಸಿ ಕಳಿಸುವ ಕಿಟ್ಟೂ ಆಮದಿಗೆ ನಿಷಿದ್ಧ, ಬಿಡಿಭಾಗಕ್ಕೆ ಮಾತ್ರ ಅಡ್ಡಿಯಿಲ್ಲ. ಹಾಗಾಗಿ ಇವನ್ನು ಇಲ್ಲಿಯ ಮಾರಾಟಗಾರರೇ ಬಿಡಿಭಾಗ ಕೂಡಿಸಿ ಪೊಟ್ಟಣ ಕಟ್ಟುತ್ತಾರೆ. ಒಳಗಿನ ಸಾಮಾನು ಸಲಕ್ಕೊಮ್ಮೆ ಬದಲಾಗುತ್ತಿರುತ್ತದೆ, ಪೊಟ್ಟಣ ಬಿಚ್ಚಿದ ಕೂಡಲೇ ಪಟ್ಟಿ ಹಿಡಿದು ತಾಳೆ ನೋಡಿ.

ಸ್ಕ್ರೂ ವಿಚಾರ ಮೊದಲೇ ಹೇಳಿಬಿಡಬೇಕು, ಮೋಟಾರ್ ಸುಡುವುದು ಅಲ್ಲೇ. ತೋಳು 5 ಮಿ.ಮೀ. ಇದ್ದರೆ ಮೋಟಾರ್ ಬಿಗಿಯಲು ಎಂ3×8 ಸ್ಕ್ರೂ ಬೇಕು, 3 ಮಿ.ಮೀ. ಮಾತ್ರ ಮೋಟಾರಿನ ತಳದೊಳಗೆ ಹೋಗುತ್ತದೆ. ಪೊಟ್ಟಣದಲ್ಲಿ 10 ಮಿ.ಮೀ. ಸ್ಕ್ರೂಗಳೂ ಬೆರೆತಿರುತ್ತವೆ, ಕಣ್ಣಳತೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಉದ್ದದ್ದು ಸುರುಳಿಯ ತಂತಿಗೆ ತಾಗಿ ಎನಾಮೆಲ್ ಕೆರೆಯುತ್ತದೆ. ಮೊದಲ ದಿನ ಮೋಟಾರ್ ಚೆನ್ನಾಗಿಯೇ ತಿರುಗುತ್ತದೆ, ಕಂಪನಕ್ಕೆ ಎನಾಮೆಲ್ ಪೂರ್ತಿ ಸವೆದ ದಿನ ಹಾರಾಟದ ನಡುವೆ ಇಎಸ್‌ಸಿ ಹೊಗೆಯಾಡುತ್ತದೆ. ಎಲ್ಲ ಬಿಗಿದ ಮೇಲೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಒಂದು ಕಡ್ಡಿ ಸ್ಕ್ರೂ ತಲೆಗೆ, ಇನ್ನೊಂದು ಮೋಟಾರಿನ ಮೂರು ತಂತಿಗಳಿಗೆ ಒಂದೊಂದಾಗಿ ಮುಟ್ಟಿಸಿ. ಬೀಪ್ ಬಂದರೆ ಬಿಚ್ಚಿ. ಕಾರ್ಬನ್ನಿನಲ್ಲೂ ವಿದ್ಯುತ್ ಹರಿಯುತ್ತದೆ ಎಂಬುದು ನೆನಪಿರಲಿ. ಸುಲಿದ ತಂತಿ ಫ್ರೇಮಿಗೆ ತಾಗಿದರೂ ಅದೇ ಗತಿ.

ಬೆಸುಗೆಯಲ್ಲಿ ಬ್ಯಾಟರಿ ಪ್ಯಾಡ್ ಬಿಟ್ಟರೆ ಉಳಿದದ್ದು ಸಲೀಸು. ಆ ಪ್ಯಾಡಿನ ಕೆಳಗಿರುವ ತಾಮ್ರದ ಪದರ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಸಣ್ಣ ಮೊನೆಯ 25 ವಾಟಿನ ಬೆಸುಗೆ ಕಬ್ಬಿಣದಲ್ಲಿ ಬೆಸೆದರೆ ಮೇಲೆ ಹೊಳೆಯುತ್ತದೆ, ಒಳಗೆ ಹಿಡಿದಿರುವುದಿಲ್ಲ. 60 ವಾಟಿನದು, ಅಗಲ ಮೊನೆ, 400 ಡಿಗ್ರಿ, ಧಾರಾಳ ಫ್ಲಕ್ಸ್, 63/37 ಸೋಲ್ಡರ್. ತಂತಿಗೂ ಪ್ಯಾಡಿಗೂ ಬೇರೆ ಬೇರೆ ಸೋಲ್ಡರ್ ಹಿಡಿಸಿ ಆಮೇಲೆ ಕೂಡಿಸಬೇಕು. ಬ್ಯಾಟರಿ ಸಿಕ್ಕಿಸುವ ಎಕ್ಸ್‌ಟಿ60 ಕನೆಕ್ಟರಿಗೆ ಬೆಸೆಯುವಾಗ ಅದರ ಜೋಡಿಯನ್ನು ಸಿಕ್ಕಿಸಿಯೇ ಇಡಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಓರೆಯಾಗುತ್ತದೆ. 35 ವೋಲ್ಟ್ 1000 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಕಿಟ್ಟಿನವರು ಕೊಟ್ಟಿರುತ್ತಾರೆ, ಕೆಲವರು ಜಾಗವಿಲ್ಲ ಎಂದು ಅದನ್ನು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಥ್ರಾಟಲ್ ಒಮ್ಮೆಲೇ ಇಳಿಸಿದಾಗ ಮೋಟಾರ್ ಹಿಂದಕ್ಕೆ ತಳ್ಳುವ ವೋಲ್ಟೇಜನ್ನು ನುಂಗುವುದು ಅದೇ. ಅದಿಲ್ಲದಿದ್ದರೆ ಗಾಗಲ್ಸಿನಲ್ಲಿ ಗೆರೆಗಳು, ಓಲಾಟ ಅಳೆಯುವ ಗೈರೊದಲ್ಲಿ ಗದ್ದಲ, ಕೊನೆಗೆ ಇಎಸ್‌ಸಿಗೇ ಕುತ್ತು. ಕಾಲು ಉದ್ದ ಬಿಟ್ಟಷ್ಟೂ ಉಪಯೋಗ ಕಡಿಮೆ, ಪ್ಯಾಡಿನ ಹತ್ತಿರವೇ ಬೆಸೆಯಿರಿ. ಮೊದಲ ಸಲ ಬ್ಯಾಟರಿ ಕೊಡುವಾಗ ಶಾರ್ಟ್ ಇದ್ದರೆ ಕರೆಂಟ್ ತಡೆಯುವ ಸ್ಮೋಕ್ ಸ್ಟಾಪರ್ ನಡುವೆ ಇರಲಿ, ವಿಡಿಯೊ ಟ್ರಾನ್ಸ್‌ಮಿಟರಿಗೆ ಆಂಟೆನಾ ಇರಲಿ, ಪ್ರೊಪೆಲ್ಲರ್ ಇರುವುದು ಬೇಡ.

ಈಗ ಧೂಳಿನ ಮಾತು. ಬೇರೆ ಊರಿನವರ ವಿಮರ್ಶೆಗಳಲ್ಲಿ ಇದು ಸಿಗುವುದಿಲ್ಲ.

ಸಂಡೂರು, ದೋಣಿಮಲೈ ಕಡೆಯ ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಬಯಲಿನಲ್ಲಿ ಹಾರಿಸಿದರೆ ಕೆಂಪು ಹುಡಿ ಮೋಟಾರಿನೊಳಗೆ ಹೋಗುವುದು ಖಂಡಿತ. ಅದರಲ್ಲಿ ಬಹುಪಾಲು ಹೆಮಟೈಟ್, ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ. ಜೊತೆಗೆ ಬೆರೆತ ಮ್ಯಾಗ್ನಟೈಟಿನ ಕಪ್ಪು ಕಣಗಳು ಹಾಗಲ್ಲ. ಮೋಟಾರಿನ ತಿರುಗುವ ಹೊರಗವಚವಾದ ಬೆಲ್ ತೆಗೆದು ಬೆಳಕಿಗೆ ಹಿಡಿದರೆ ಹದಿನಾಲ್ಕು ಅಯಸ್ಕಾಂತಗಳ ಸಂದಿಸಂದಿಗೂ ಸಣ್ಣ ಮುಳ್ಳಿನಂತೆ ಎದ್ದು ನಿಂತಿರುತ್ತವೆ. ಅಯಸ್ಕಾಂತಕ್ಕೂ ಸುರುಳಿ ಸುತ್ತಿದ ಸ್ಟೇಟರಿಗೂ ನಡುವಿನ ಸಂದು ಸುಮಾರು ಕಾಲು ಮಿಲಿಮೀಟರ್ ಅಷ್ಟೆ. ಆ ಸಂದಿನಲ್ಲಿ ಕಣ ಸಿಕ್ಕಿ ಉಜ್ಜಿದರೆ ಸುರುಳಿ ಬಿಸಿಯಾಗುತ್ತದೆ, ಬಿಸಿಗೆ ಅಯಸ್ಕಾಂತದ ಅಂಟು ಬಿಡುತ್ತದೆ. ಊದುವ ಗಾಳಿಗೆ ಈ ಕಣಗಳು ಹೋಗುವುದಿಲ್ಲ, ಬರೀ ಜಾಗ ಬದಲಿಸುತ್ತವೆ. ಗೋಡೆಗೆ ಚಿತ್ರ ಅಂಟಿಸುವ ಮೆತ್ತನೆಯ ಅಂಟು ಒತ್ತಿ ಒತ್ತಿ ತೆಗೆಯುವುದೊಂದೇ ದಾರಿ.

ಬೆಲ್ ಬಿಚ್ಚುವುದು ಕಷ್ಟವೇನಲ್ಲ. ತಳದಲ್ಲಿ ಶಾಫ್ಟಿನ ಸ್ಕ್ರೂ ತೆಗೆದು ಬೆಲ್ ಮೇಲಕ್ಕೆ ಎಳೆಯಬೇಕು. ಶಾಫ್ಟಿನ ಮೇಲಿರುವ ತೆಳು ವಾಷರ್ ಕಳೆದರೆ ಬೆಲ್ ಮೇಲೆ ಕೆಳಗೆ ಆಡತೊಡಗುತ್ತದೆ, ಆದ್ದರಿಂದ ಬಿಳಿ ಬಟ್ಟೆ ಹಾಸಿಯೇ ಕೆಲಸ ಶುರು ಮಾಡಿ. ಬೇರಿಂಗ್ 9×4×4 ಮಿ.ಮೀ., ಅಂಗಡಿಯಲ್ಲಿ 684 ಜೆಡ್‌ಜೆಡ್ ಎಂದು ಕೇಳಿದರೆ ಕೊಡುತ್ತಾರೆ. ಇದರ ಲೋಹದ ಮುಚ್ಚಳ ಕಲ್ಲುಹರಳು ತಡೆಯುತ್ತದೆ, ಹುಡಿ ತಡೆಯುವುದಿಲ್ಲ. ನನ್ನ ದೂರು ಇಲ್ಲೇ: ಕಿಟ್ಟಿನ ಬೇರಿಂಗ್‌ಗಳು ಒಣಗಿಕೊಂಡೇ ಬಂದವು. ಬೆಲ್ಲನ್ನು ಬೆರಳಿನಲ್ಲಿ ತಿರುಗಿಸಿ ಕಿವಿಗೆ ಹಿಡಿದರೆ ಮರಳು ಅರೆದಂಥ ಸದ್ದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಪೂರ್ತಿ ಆರಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಟ್ಟರೆ ಸ್ವಲ್ಪ ಕಾಲ ನಡೆಯುತ್ತದೆ. ಎರಡು ಹನಿ ಬಿಟ್ಟರೆ ಹೊರಗೆ ಸೋರಿ ಅದಕ್ಕೇ ಧೂಳು ಮೆತ್ತುತ್ತದೆ. ಮತ್ತೆ ಸದ್ದು ಬಂದರೆ ಬದಲಿಸುವುದೇ ವಾಸಿ, ಮೋಟಾರಿನ ಬೆಲೆ ಮುಂದೆ ಬೇರಿಂಗಿನದು ಏನೂ ಅಲ್ಲ.

ಧೂಳಿನ ಮುಕ್ಕಾಲು ಪಾಲು ಒಳಗೆ ಹೋಗುವುದು ಏರುವಾಗ, ಇಳಿಯುವಾಗ. ಹಳೆಯ ಫ್ಲೆಕ್ಸ್ ಬ್ಯಾನರನ್ನು ನಾಲ್ಕಾರು ಅಡಿ ಕತ್ತರಿಸಿ ಮೂಲೆಗೆ ಕಲ್ಲಿಟ್ಟು ಹಾಸಿದರೆ ಅದರ ಮುಂದೆ ದುಡ್ಡು ಕೊಟ್ಟು ಕೊಳ್ಳುವ ಯಾವ ಪ್ಯಾಡೂ ಬೇಡ. ಮಸಾರಿ ನೆಲಕ್ಕಂತೂ ಇದು ಕಡ್ಡಾಯ. ಎರೆ ಹೊಲದ ಕಷ್ಟ ಬೇರೆ. ಬೇಸಿಗೆಯಲ್ಲಿ ಬಿರುಕಿನ ಅಂಚು ಕಲ್ಲಿನಷ್ಟು ಗಟ್ಟಿ, ಮಳೆಗಾಲದಲ್ಲಿ ಮೋಟಾರಿಗೆ ಮೆತ್ತಿದ ಮಣ್ಣು ಒಣಗುವ ಮೊದಲೇ ತೊಳೆಯದಿದ್ದರೆ ಆಮೇಲೆ ಕೆತ್ತಬೇಕಾಗುತ್ತದೆ. ಸಿರುಗುಪ್ಪ, ಗಂಗಾವತಿ ಕಡೆ ಕಾಲುವೆ ಕೆಳಗಿನ ಗದ್ದೆಗೆ ಬಿದ್ದರೆ ಮೊದಲು ಬ್ಯಾಟರಿ ಕಿತ್ತು, ಶುದ್ಧ ನೀರಿನಲ್ಲಿ ಕೆಸರು ತೊಳೆದು, ಐಸೊಪ್ರೊಪೈಲಿನಲ್ಲಿ ಅದ್ದಿ, ಒಂದು ದಿನ ಒಣಗಿಸಿ, ಆಮೇಲಷ್ಟೇ ಮತ್ತೆ ಕರೆಂಟ್ ಕೊಡಿ. ಬೋರ್ಡುಗಳಿಗೆ ಮೊದಲೇ ಸಿಲಿಕೋನ್ ಲೇಪ ಬಳಿದಿದ್ದರೆ ಬದುಕುವ ಸಾಧ್ಯತೆ ಹೆಚ್ಚು. ಯುಎಸ್‌ಬಿ ಬಾಯಿ, ಬಟನ್, ಬ್ಯಾರೊಮೀಟರ್ ಬಿಟ್ಟು ಬಳಿಯಿರಿ.

ಬಿಸಿಲು ತಿನ್ನುವುದು ಬ್ಯಾಟರಿಯನ್ನು. 6ಎಸ್ ಬ್ಯಾಟರಿ ಪೂರ್ತಿ ತುಂಬಿದಾಗ 25.2 ವೋಲ್ಟ್. ರಾಯಚೂರಿನ ಮೇ ತಿಂಗಳ ಕೋಣೆಯಲ್ಲಿ ಹಾಗೇ ನಾಲ್ಕು ದಿನ ಇಟ್ಟರೆ ಉಬ್ಬಿಕೊಳ್ಳುವ ಸಂಭವ ಹೆಚ್ಚು. ಮಾರನೇ ದಿನ ಹಾರಿಸುವುದಿಲ್ಲ ಅನಿಸಿದರೆ ಅಂದೇ ರಾತ್ರಿ 22.8ರಿಂದ 23.1ಕ್ಕೆ ಇಳಿಸಿ, ಅಂದರೆ ಸೆಲ್ಲಿಗೆ 3.80ರಿಂದ 3.85. ಹಾರಾಟದಲ್ಲಿ ಸೆಲ್ಲಿಗೆ 3.5 ತೋರಿಸಿದ ಕೂಡಲೇ ಇಳಿಯಬೇಕು. ಇಳಿದ ಬ್ಯಾಟರಿ ಕೈಗೆ ಬಿಸಿ ಹತ್ತುವಷ್ಟು ಕಾದಿರುತ್ತದೆ, ಪೂರ್ತಿ ತಣ್ಣಗಾಗದೆ ಚಾರ್ಜಿಗೆ ಹಾಕಬಾರದು. 1300 ಎಂಎಎಚ್‌ಗೆ 1.3 ಆಂಪಿಯರ್ ಸಾಕು, ಅವಸರ ಬೇಡ. ಹಲವನ್ನು ಒಟ್ಟಿಗೆ ಪ್ಯಾರಲೆಲ್ ಬೋರ್ಡಿಗೆ ಹಾಕುವುದಾದರೆ ಸೆಲ್‌ಗಳ ನಡುವಿನ ವ್ಯತ್ಯಾಸ 0.1 ವೋಲ್ಟ್ ಒಳಗಿರಲಿ. ಹೊಲಕ್ಕೆ ಒಯ್ಯಲು ಥರ್ಮಾಕೋಲ್ ಪೆಟ್ಟಿಗೆ ಚಲೋ, ಆದರೆ ಅದರೊಳಗೆ ಐಸ್ ಹಾಕಬೇಡಿ. ಬೆವರಿದ ಕನೆಕ್ಟರಿನಿಂದ ಬೇರೆ ತಾಪತ್ರಯ. ಕಾರಿನ ಗಾಜಿನ ಕೆಳಗೆ ಮಾತ್ರ ಯಾವತ್ತೂ ಬೇಡ.

ಸೆಲ್ಲಿನ ಒಳರೋಧ ಅಳೆದು ಬರೆದಿಡುವ ರೂಢಿ ಒಳ್ಳೆಯದು. ಅಳೆಯುವುದು ಯಾವಾಗಲೂ ಒಂದೇ ಶಾಖದಲ್ಲಿ, ಅಂದರೆ ಬೆಳಗಿನ ಹೊತ್ತು, ಹಾರಿಸುವ ಮೊದಲು. ಬಿಸಿ ಬ್ಯಾಟರಿಯಲ್ಲಿ ರೋಧ ಕಡಿಮೆ ತೋರಿಸಿ ಹಳೆಯದೂ ಹೊಸದರಂತೆ ಕಾಣುತ್ತದೆ. ಆರರಲ್ಲಿ ಒಂದು ಸೆಲ್ ಉಳಿದವುಗಳ ಎರಡರಷ್ಟಾಯಿತೋ, ಆ ಬ್ಯಾಟರಿಯನ್ನು ರೇಸಿಗೆ ಹಾಕುವಂತಿಲ್ಲ.

ಬಿಸಿಲಿನ ಇನ್ನೊಂದು ಪರಿಣಾಮ ಕಣ್ಣಿಗೆ ಕಾಣದ್ದು. 25 ಡಿಗ್ರಿಯ ಮುಂಜಾವಿಗಿಂತ 42 ಡಿಗ್ರಿಯ ಮಧ್ಯಾಹ್ನದ ಗಾಳಿ ನೂರಕ್ಕೆ ಐದರಷ್ಟು ತೆಳು. ಅದೇ ತಿರುವಿಗೆ ಥ್ರಾಟಲ್ ಹೆಚ್ಚು ಬೇಕು, ಮೋಟಾರ್ ತಂಪಾಗುವುದೂ ಕಡಿಮೆ. ಫ್ಲೈಟ್ ಕಂಟ್ರೋಲರಿನ ತಂತ್ರಾಂಶವಾದ ಬೀಟಾಫ್ಲೈಟಿನಲ್ಲಿ ಚಳಿಗಾಲದಲ್ಲಿ ಹದ ಮಾಡಿದ ಟ್ಯೂನ್ ಏಪ್ರಿಲ್‌ನಲ್ಲಿ ಬಿಸಿ ಮೋಟಾರ್ ಕೊಡುವುದು ಇದಕ್ಕೇ. ಇಳಿದ ತಕ್ಷಣ ಮೋಟಾರಿಗೆ ಬೆರಳಿಡಿ, ಮೂರು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾದರೆ ಟ್ಯೂನಿನಲ್ಲಿ ಓಲಾಟ ತಗ್ಗಿಸುವ ಡಿ-ಟರ್ಮ್ ಇಳಿಸಿ. ನಾಲ್ಕರಲ್ಲಿ ಒಂದೇ ಬಿಸಿಯಾದರೆ ಟ್ಯೂನಿನದು ತಪ್ಪಲ್ಲ, ಆ ಪ್ರೊಪೆಲ್ಲರಿನ ಅಂಚು ನೋಡಿ, ಬೇರಿಂಗ್ ನೋಡಿ. ಇಎಸ್‌ಸಿ ಮೋಟಾರಿನ ವೇಗವನ್ನು ತಿರುಗಿ ತಿಳಿಸುವ ಬೈಡೈರೆಕ್ಷನಲ್ ಡಿಶಾಟ್ ಹಾಕಿ, ಮೋಟಾರ್ ಪೋಲ್ 14 ಎಂದು ಕೊಟ್ಟು, ಮೋಟಾರಿನ ಕಂಪನ ಸೋಸುವ ಆರ್‌ಪಿಎಂ ಫಿಲ್ಟರ್ ಚಾಲೂ ಇರುವುದನ್ನು ಖಚಿತ ಮಾಡಿಕೊಳ್ಳದೆ ಟ್ಯೂನಿನ ಸ್ಲೈಡರ್ ಮುಟ್ಟುವುದು ವ್ಯರ್ಥ. ಕಿಟ್ಟಿನ ಇಎಸ್‌ಸಿಯ ತಂತ್ರಾಂಶ ಬಿಎಲ್‌ಹೆಲಿ_32 ಆಗಿದ್ದರೆ ಓಡುತ್ತದೆ, ಆದರೆ ಅದನ್ನು ಮಾಡುತ್ತಿದ್ದವರು 2024ರಲ್ಲಿ ನಿಲ್ಲಿಸಿದ್ದಾರೆ. ಮುಂದೆ ಬದಲಿಸುವಾಗ ಎಎಂ32 ಇರುವುದನ್ನೇ ತೆಗೆದುಕೊಳ್ಳಿ.

ರೇಡಿಯೊ ಬಗ್ಗೆ ದೂರಿಲ್ಲ. ರಿಸೀವರಿನ ಮತ್ತು ರೇಡಿಯೊದ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಮುಖ್ಯ ಆವೃತ್ತಿ ಒಂದೇ ಇರಬೇಕು, 3 ಅಂದರೆ ಎರಡೂ ಕಡೆ 3. ಪ್ರೊಪೆಲ್ಲರ್ ತೆಗೆದು, ಮೋಟಾರ್ ತಿರುಗುವಾಗ ರೇಡಿಯೊ ಆರಿಸಿ, ಮೋಟಾರ್ ನಿಲ್ಲುತ್ತದೆಯೇ ನೋಡಿ. ಇದನ್ನು ಮಾಡದೆ ಹೊಲಕ್ಕೆ ಹೋಗುವವರ ಪಕ್ಕ ನಿಲ್ಲಬೇಡಿ. ವಿಡಿಯೊಗೆ ರೇಸ್‌ಬ್ಯಾಂಡ್ ಎಂಬ ಎಂಟು ಚಾನೆಲ್‌ಗಳ ಸಾಲಿನ ಆರ್3ರಿಂದ ಆರ್6 ಸಾಕು, 5732ರಿಂದ 5843 ಮೆಗಾಹರ್ಟ್ಸ್. ಆರ್7, ಆರ್8 ಲೈಸೆನ್ಸ್ ಬೇಡದ 5875ರ ಗಡಿಯಾಚೆ ಬೀಳುತ್ತವೆ. ಇಬ್ಬರೇ ಇದ್ದರೆ ಆರ್3, ಆರ್6 ಹಂಚಿಕೊಳ್ಳಿ. ಕೊಪ್ಪಳ, ಆನೆಗೊಂದಿ ಕಡೆಯ ಬಂಡೆಗಳ ಹಿಂದೆ ಹೋದರೆ ಎಷ್ಟು ಮಿಲಿವಾಟ್ ಇದ್ದರೂ ಚಿತ್ರ ಹೋಗುತ್ತದೆ, ಗ್ರಾನೈಟ್ ದಾಟಿ 5.8 ಗಿಗಾಹರ್ಟ್ಸ್ ಬರುವುದಿಲ್ಲ. ವಿಡಿಯೊ ಟ್ರಾನ್ಸ್‌ಮಿಟರ್ ನೆಲದ ಮೇಲೆ ಗಾಳಿಯಿಲ್ಲದೆ ಬಿಸಿಯಾಗುತ್ತದೆ, ಹಾರುವ ತನಕ 25 ಮಿಲಿವಾಟಿನಲ್ಲೇ ಇರಲಿ. ಗಾಗಲ್ಸನ್ನು ಲೆನ್ಸ್ ಮೇಲಾಗಿ ಬಿಸಿಲಿಗೆ ಇಡಬೇಡಿ, ಲೆನ್ಸೇ ಭೂತಗನ್ನಡಿಯಾಗಿ ಪರದೆಗೆ ಮಚ್ಚೆ ಸುಡುತ್ತದೆ. ಕುಡತಿನಿ, ಶಕ್ತಿನಗರದಿಂದ ಹೊರಡುವ ವಿದ್ಯುತ್ ತಂತಿಗಳು ಅನಲಾಗ್ ಕ್ಯಾಮೆರಾದಲ್ಲಿ ಕೊನೇ ಗಳಿಗೆಯವರೆಗೂ ಕಾಣುವುದಿಲ್ಲ. ಅವುಗಳ ಹತ್ತಿರ ಟ್ರ್ಯಾಕ್ ಹಾಕುವುದೇ ಬೇಡ.

ಬೀಳುವುದಂತೂ ಇದ್ದೇ ಇದೆ. ತೋಳು ಮುರಿದರೆ ಒಂದನ್ನೇ ಬದಲಿಸಬಹುದು ಎನ್ನುವುದು ಈ ಕಿಟ್ಟಿನ ನಿಜವಾದ ಗುಣ, ಒಂದೇ ಹಲಗೆಯ ಫ್ರೇಮಿಗೆ ಅದು ಇಲ್ಲ. ಮುರಿಯದಿದ್ದರೂ ತುದಿಯಲ್ಲಿ ಪದರ ಬಿಟ್ಟಿದೆಯೇ ನೋಡಿ, ಪದರ ಬಿಟ್ಟ ತೋಳು ಕಂಪಿಸಿ ಗೈರೊ ಕೆಡಿಸುತ್ತದೆ. ಬಳ್ಳಾರಿ ಜಾಲಿಯ ಪೊದೆಗೆ ಬಿದ್ದದ್ದನ್ನು ಕೋಲಿನಿಂದ ಎಳೆಯಬೇಡಿ, ಮುಳ್ಳು ಬ್ಯಾಟರಿಯ ಹೊದಿಕೆಯೊಳಗೆ ಮುರಿದು ಕೂರುತ್ತದೆ. ಕೊಂಬೆ ಕತ್ತರಿಸಿ ಬಿಡಿಸಿ, ಬ್ಯಾಟರಿಯನ್ನು ಬೆಳಕಿಗೆ ಹಿಡಿದು ಸುತ್ತ ನೋಡಿ. ತೂತು ಕಂಡರೆ ಅದನ್ನು ಮನೆಯೊಳಗೆ ತರಬೇಡಿ. ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ಹುಡುಕಲು ಸ್ವಂತ ಸಣ್ಣ ಬ್ಯಾಟರಿ ಇರುವ ಬಜರ್ ಬೇಕು. ಮೋಟಾರಿನಿಂದಲೇ ಕೂಗಿಸುವ ಸೌಲಭ್ಯವಿದ್ದರೂ, ಬಿದ್ದಾಗ ಬ್ಯಾಟರಿ ಹಾರಿಹೋದರೆ ಅದು ಮೂಕ. ಬೆಳೆಯಿರುವ ಹೊಲಕ್ಕೆ ಇಳಿಯುವ ಮೊದಲು ಯಜಮಾನರನ್ನು ಕೇಳಿ, ಮುಂದಿನ ಸಲವೂ ಅಲ್ಲೇ ಹಾರಿಸಬೇಕಲ್ಲ.

ಕಾನೂನು: 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ದಾಟಿ 2 ಕಿಲೊ ಒಳಗಿದ್ದರೆ ಮೈಕ್ರೊ ವರ್ಗ. ನೋಂದಣಿ ಸಂಖ್ಯೆ ಬೇಕು. ವ್ಯಾಪಾರಕ್ಕಲ್ಲದೆ ಹವ್ಯಾಸಕ್ಕೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಡ. ತೋರಣಗಲ್ಲಿನ ಸುತ್ತ ವಿಮಾನ ನಿಲ್ದಾಣದ ಹಳದಿ ವಲಯ (ಹಾರಿಸಲು ಅನುಮತಿ ಬೇಕಾದ ಜಾಗ) ಇರುವುದರಿಂದ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ಹೊರಡಿ. ಹಂಪಿಯ ಸ್ಮಾರಕಗಳ ಮೇಲಂತೂ ಅನುಮತಿಯಿಲ್ಲದೆ ಕೂಡದು.

ಕೊಳ್ಳುವವರು ಕಿಟ್ ಜೊತೆಗೇ ತೋಳು ಎರಡು, ಮೋಟಾರ್ ಒಂದು, 684 ಬೇರಿಂಗ್ ಎಂಟು, ಮೂರೆಲೆಯ 5.1 ಇಂಚಿನ ಪ್ರೊಪೆಲ್ಲರ್ ಹತ್ತು ಜೊತೆ, ನೈಲಾನ್ ಹಿಡಿತದ ಎಂ5 ನಟ್ ಒಂದು ಡಜನ್, ಎಂ3×8 ಸ್ಕ್ರೂ ಒಂದು ಪೊಟ್ಟಣ ತರಿಸಿ. ನಟ್ಟನ್ನು ಕೈಬೆರಳಿನಲ್ಲೇ ಪೂರ್ತಿ ತಿರುಗಿಸಲು ಬಂದರೆ ಅದರ ನೈಲಾನ್ ಸವೆದಿದೆ ಎಂದರ್ಥ, ಎಸೆಯಿರಿ. ಮೋಟಾರ್ ಸ್ಕ್ರೂಗಳಿಗೆ ನೀಲಿ ಥ್ರೆಡ್‌ಲಾಕರ್ ಹಚ್ಚಿ, ಅದು ಪ್ರೊಪೆಲ್ಲರಿಗೆ ತಾಗದಂತೆ ನೋಡಿಕೊಳ್ಳಿ, ತಾಗಿದ ಪಾಲಿಕಾರ್ಬೊನೇಟ್ ಎರಡು ದಿನದಲ್ಲಿ ಬಿರಿಯುತ್ತದೆ. ಬ್ಯಾಟರಿಯನ್ನು ಮಾತ್ರ ಬೇರೆಯಾಗಿ, ಮೊದಲೇ ಆರ್ಡರ್ ಮಾಡಿ. ರಸ್ತೆ ಮೂಲಕವೇ ಬರುವುದರಿಂದ ತಡವಾಗುತ್ತದೆ. ಬಂದ ದಿನವೇ ಪ್ರತಿ ಸೆಲ್ ಅಳೆದು, ಒಂದು ಸೆಲ್ ಉಳಿದವಕ್ಕಿಂತ 0.1 ವೋಲ್ಟ್ ಕೆಳಗಿದ್ದರೂ ವಾಪಸು ಕಳಿಸಿ.