ಬ್ಯುಯಿಕ್ ರೋಡ್‌ಮಾಸ್ಟರ್ ಎಸ್ಟೇಟ್ 1996: ಒಂಬತ್ತು ವರ್ಷಗಳ ಒಡನಾಟದ ನಂತರ

ಟೆಕ್ಸಾಸ್‌ನ ಡಲ್ಲಾಸ್ ಸಮೀಪದ ನಮ್ಮ ಮನೆಯಲ್ಲಿ ಒಂಬತ್ತು ವರ್ಷಗಳಿಂದ 1996ರ ರೋಡ್‌ಮಾಸ್ಟರ್ ಎಸ್ಟೇಟ್ ವ್ಯಾಗನ್, ಅಂದರೆ ಚಾವಣಿ ಹಿಂದಿನ ತುದಿಯವರೆಗೂ ಚಾಚಿದ ಉದ್ದನೆಯ ಸಂಸಾರದ ಕಾರು, ಇದೆ. ಇದರ 5.7 ಲೀಟರ್‌ನ ವಿ8 ಎಂಜಿನ್ 260 ಅಶ್ವಶಕ್ತಿ ಕೊಡುತ್ತದೆ, ಪೆಟ್ರೋಲನ್ನೂ ಅದಕ್ಕೆ ತಕ್ಕಂತೆಯೇ ಕುಡಿಯುತ್ತದೆ. ಆ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನು ಇದನ್ನು ಕೊಂಡದ್ದು ರೂಪಕ್ಕೆ ಮರುಳಾಗಿ, ಆದ್ದರಿಂದ ಬರೆಯುವುದೂ ಅದರ ಬಗ್ಗೆಯೇ.

ನೋಡಿದವರೆಲ್ಲ ಮೊದಲು ಮುಟ್ಟುವುದು ಪಕ್ಕದ ‘ಮರ’ವನ್ನು. ಅದು ಮರವಲ್ಲ, ಮರದ ಎಳೆಗಳನ್ನು ಅಚ್ಚೊತ್ತಿದ ವಿನೈಲ್ ಹಾಳೆ. ರೈಲು ನಿಲ್ದಾಣದಿಂದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಒಯ್ಯುತ್ತಿದ್ದುದರಿಂದ ಸ್ಟೇಷನ್ ವ್ಯಾಗನ್ ಎಂಬ ಹೆಸರು ಪಡೆದ ಆರಂಭದ ಗಾಡಿಗಳ ಮೈಯನ್ನು ನಿಜವಾದ ಮರದಿಂದಲೇ ಕಟ್ಟುತ್ತಿದ್ದರು, ಅದಕ್ಕೆ ಮತ್ತೆ ಮತ್ತೆ ವಾರ್ನಿಶ್ ಬಳಿದು ಕಾಪಾಡಿಕೊಳ್ಳಬೇಕಾಗುತ್ತಿತ್ತು. ಉಕ್ಕಿನ ಮೈ ಬಂದ ಮೇಲೆ ಮರ ಬೇಕಿರಲಿಲ್ಲ, ಮರದ ಮೋಹ ಮಾತ್ರ ಉಳಿಯಿತು. ಫೋರ್ಡ್ ಕಂಪನಿಯ ಕಂಟ್ರಿ ಸ್ಕ್ವೈರ್ ವ್ಯಾಗನ್ 1952ರಿಂದ ಉಕ್ಕಿನ ಮೇಲೆ ಮರದ ಚಿತ್ರವನ್ನು ಹೊತ್ತು ಓಡಾಡಿತು. ಇದನ್ನು ನಕಲಿಯೆಂದು ನಗುವವರಿದ್ದಾರೆ. ಆದರೆ ಮರದ ಹಾಳೆಯಿಲ್ಲದ ಇದೇ ಮಾದರಿಯ ಗಾಡಿಯೊಂದನ್ನು ನಮ್ಮದರ ಪಕ್ಕದಲ್ಲಿ ನಿಲ್ಲಿಸಿ ನೋಡಿದ್ದೇನೆ: ಐದೂವರೆ ಮೀಟರ್ ಉದ್ದದ ಒಂದೇ ಬಣ್ಣದ ಮೈ ದಡಕ್ಕೆ ಬಿದ್ದ ತಿಮಿಂಗಿಲದಂತೆ ಕಾಣುತ್ತಿತ್ತು. ಕಂದು ಹಾಳೆಯೂ ಅದರ ಅಂಚಿನ ತಿಳಿಬಣ್ಣದ ಪಟ್ಟಿಯೂ ಮೈಯ ಎತ್ತರವನ್ನು ಎರಡಾಗಿ ಒಡೆದು, ಕಣ್ಣನ್ನು ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ನೇರವಾಗಿ ನಡೆಸಿಕೊಂಡು ಹೋಗುತ್ತವೆ. ಅರ್ಧ ಮುಚ್ಚಿದ ಹಿಂಬದಿಯ ಚಕ್ರಗಳೂ ಇದೇ ಕೆಲಸ ಮಾಡುತ್ತವೆ, ಆದರೆ ಚಕ್ರ ಬದಲಿಸುವ ದಿನ ಅವುಗಳ ಸೊಗಸು ನೆನಪಿಗೆ ಬರುವುದಿಲ್ಲ.

ಎರಡನೆಯ ಸಾಲಿನ ಆಸನದ ಮೇಲೆ ಚಾವಣಿಯಲ್ಲಿ ತೆರೆಯಲಾಗದ ಗಾಜಿದೆ. ಈ ಕಲ್ಪನೆ 1964ರ ಓಲ್ಡ್ಸ್‌ಮೊಬೈಲ್ ವಿಸ್ಟಾ ಕ್ರೂಸರ್ ವ್ಯಾಗನ್‌ನದು. ಅದರಲ್ಲಿ ಚಾವಣಿಯೇ ಮೆಟ್ಟಿಲಿನಂತೆ ಮೇಲೇರಿ ಆ ಏರಿನಲ್ಲಿ ಗಾಜು ಕೂತಿತ್ತು. ನಮ್ಮದರಲ್ಲಿ ಗಾಜು ಚಾವಣಿಯ ಮಟ್ಟಕ್ಕೇ ಇದೆ, ಹಾಗಾಗಿ ಹಳೆಯ ಗಾಡಿಯ ಆ ಠೀವಿ ಇದಕ್ಕಿಲ್ಲವೆಂದು ಒಪ್ಪಲೇಬೇಕು. ಜೂನ್ ತಿಂಗಳಲ್ಲಿ ಪರದೆಯಿಲ್ಲದೆ ಅದರ ಕೆಳಗೆ ಕೂರುವುದೂ ಕಷ್ಟ.

ಹಿಂಬಾಗಿಲು ಕೆಳಕ್ಕೂ ಬೀಳುತ್ತದೆ, ಪಕ್ಕಕ್ಕೂ ತೆರೆಯುತ್ತದೆ; ಗಾಜನ್ನು ಬೇರೆಯಾಗಿಯೇ ಎತ್ತಬಹುದು. ಮೂರನೆಯ ಸಾಲಿನ ಆಸನ ಹಿಂದಕ್ಕೆ ಮುಖ ಮಾಡಿದೆ. ಹಾಸನದಿಂದ ಬಂದಿದ್ದ ಅಮ್ಮ ಮೊಮ್ಮಕ್ಕಳ ಜೊತೆ ಅಲ್ಲಿ ಕೂತು ದೂರ ಸರಿಯುವ ರಸ್ತೆಯನ್ನು ನೋಡುತ್ತಾ, “ಎತ್ತಿನ ಗಾಡಿ ಹಿಂದೆ ಕಾಲು ಇಳಿಬಿಟ್ಟುಕೊಂಡು ಕೂತ ಹಾಗಿದೆ ಕಣೋ” ಎಂದರು. ಅದಕ್ಕಿಂತ ಚೆನ್ನಾಗಿ ವರ್ಣಿಸಲು ನನಗೆ ಬಂದಿಲ್ಲ.

ಇಷ್ಟೆಲ್ಲ ಇದ್ದರೂ ವ್ಯಾಗನ್‌ಗಳ ಕಾಲ ಮುಗಿದಿತ್ತು. ಕ್ರೈಸ್ಲರ್‌ನ ಮಿನಿವ್ಯಾನ್‌ಗಳು 1983ರ ಕೊನೆಗೆ ಬಂದು ಸಂಸಾರಸ್ಥರನ್ನು ಸೆಳೆದವು, ಅವುಗಳ ಹಿಂದೆಯೇ ಎಸ್‌ಯುವಿಗಳು ಬಂದವು. ನಮ್ಮ ಗಾಡಿ ತಯಾರಾದ ಟೆಕ್ಸಾಸ್‌ನದೇ ಆರ್ಲಿಂಗ್ಟನ್‌ನ ಕಾರ್ಖಾನೆಯಲ್ಲಿ ಈಗ ತಯಾರಾಗುವುದು ಎಸ್‌ಯುವಿಗಳೇ. ಅವುಗಳ ಎತ್ತರದ ಮೂಗಿನ ಪಕ್ಕದಲ್ಲಿ ನಮ್ಮದು ನೆಲಕ್ಕೆ ಒರಗಿ ಮಲಗಿದಂತೆ ಕಾಣುತ್ತದೆ.

ಕೊಳ್ಳಬೇಕೆನ್ನುವವರು ಎಂಜಿನ್ ನೋಡುವ ಮೊದಲು ವಿನೈಲ್ ನೋಡಿ. ಬಿಸಿಲಿಗೆ ಅದು ಮೊದಲು ಮಂಕಾಗಿ, ಆಮೇಲೆ ಬಿರಿಯುತ್ತದೆ. ನಮ್ಮ ಗಾಡಿಯ ಬಲಬದಿಯ ಹಾಳೆಯನ್ನು ಬದಲಿಸಿದ ಅಂಗಡಿಯವರು ಆ ಬದಿಯ ಹಿಂದಿನ ಬಾಗಿಲಿನ ಎಳೆಗಳನ್ನು ಮುಂದಿನ ಬಾಗಿಲಿನ ಎಳೆಗಳಿಗೆ ಕೂಡಿಸಲಿಲ್ಲ. ದುಡ್ಡು ಕೊಟ್ಟು ಮನೆಗೆ ತಂದ ಮೇಲಷ್ಟೇ ನನ್ನ ಕಣ್ಣಿಗೆ ಅದು ಬಿತ್ತು. ಅಂದಿನಿಂದ ಆ ಬದಿಯನ್ನು ಗೋಡೆಯ ಕಡೆಗೆ ಮಾಡಿಯೇ ನಿಲ್ಲಿಸುತ್ತಿದ್ದೇನೆ.