ಆರು ವರ್ಷ, ಒಂಬತ್ತು ಆಯಿಲ್ ಫಿಲ್ಟರ್: ಒಂದೊಂದನ್ನೂ ಕತ್ತರಿಸಿ ನೋಡಿದ ಮೇಲೆ

ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದೊಡನೆ ಎಂಜಿನ್ನಿನ ಮೇಲ್ಭಾಗದಿಂದ ಮೂರು ಸೆಕೆಂಡುಗಳ ಕಾಲ ಕೇಳಿಬರುತ್ತಿದ್ದ ಕಟಕಟ ಸದ್ದೇ ಈ ವಿಮರ್ಶೆಗೆ ಮೂಲ. ಆ ಸದ್ದು ಇಲ್ಲದೇ ಹೋಗಿದ್ದರೆ ನಾನೂ ಎಲ್ಲರ ಹಾಗೆ ಹಳೆಯ ಫಿಲ್ಟರನ್ನು ಎಸೆದು, ಅಕ್ಷರಶಃ ಕೈ ತೊಳೆದುಕೊಂಡು ಸುಮ್ಮನಿರುತ್ತಿದ್ದೆ. ಎಂಟು ತಿಂಗಳಿಗೊಮ್ಮೆ ಆಯಿಲ್ ಬದಲಿಸುವುದು ನನ್ನ ರೂಢಿ. ಕಾರು ಹೆಚ್ಚಾಗಿ ಹತ್ತಿರದ ಓಡಾಟಕ್ಕೇ ಬಳಕೆಯಾಗುವುದರಿಂದ ಕಿಲೋಮೀಟರಿಗಿಂತ ಕಾಲಾವಧಿಯನ್ನೇ ಲೆಕ್ಕಕ್ಕೆ ಹಿಡಿದಿದ್ದೇನೆ. ಹೀಗೆ ಆರು ವರ್ಷಗಳಲ್ಲಿ ಒಂಬತ್ತು ಫಿಲ್ಟರುಗಳು ಬಂದುಹೋದವು: ಮೊದಲ ನಾಲ್ಕು ಅಗ್ಗದವು, ನಂತರದ ಮೂರು ಅವುಗಳ ಎರಡರಷ್ಟು ಬೆಲೆಯವು, ಕೊನೆಯ ಎರಡು ಇವೆರಡರ ನಡುವಿನವು. ಕಂಪನಿಗಳ ಹೆಸರನ್ನು ಬೇಕೆಂದೇ ಬರೆದಿಲ್ಲ. ಒಂದೇ ಹೆಸರಿನ ಎರಡು ಪಾರ್ಟ್ ನಂಬರುಗಳ ಒಳಗಿನ ರಚನೆ ಪೂರ್ತಿ ಬೇರೆಯಾಗಿರಬಹುದಾದ್ದರಿಂದ, ಹೆಸರು ನೋಡಿ ಕೊಳ್ಳುವವರಿಗೆ ನನ್ನ ಅನುಭವ ದಾರಿ ತಪ್ಪಿಸೀತು.

ನನ್ನ ಎಂಜಿನ್ನಿನಲ್ಲಿ ಆಯಿಲಿನ ಕೊಳೆ ಶೋಧಿಸುವ ಈ ಫಿಲ್ಟರ್ ಡಬ್ಬಿ ಅಡ್ಡಲಾಗಿ ಕೂರುತ್ತದೆ. ಎಂಜಿನ್ ನಿಂತ ಮೇಲೆ ಡಬ್ಬಿಯೊಳಗಿನ ಆಯಿಲ್ ಬಂದ ದಾರಿಯಲ್ಲೇ ಹಿಂದಿರುಗಿ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ ಇಳಿಯದಂತೆ ತಡೆಯುವುದು ಒಳಗಿರುವ ಒಂದು ರಬ್ಬರ್ ಬಿಲ್ಲೆ. ಅದನ್ನು ಆಂಟಿ ಡ್ರೈನ್ ಬ್ಯಾಕ್ ವಾಲ್ವ್ ಎನ್ನುತ್ತಾರೆ. ಅದು ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ರಾತ್ರಿಯೆಲ್ಲ ಆಯಿಲ್ ಇಳಿದುಹೋಗಿ ಡಬ್ಬಿ ಬರಿದಾಗುತ್ತದೆ, ಬೆಳಗ್ಗೆ ಪಂಪು ಮೊದಲು ಡಬ್ಬಿಯನ್ನು ತುಂಬಿಸಿ ಆಮೇಲೆ ಎಂಜಿನ್ನಿನ ಮೇಲಿನವರೆಗೆ ಆಯಿಲ್ ತಲುಪಿಸಬೇಕಾಗುತ್ತದೆ, ಅಲ್ಲಿಯತನಕ ಮೇಲಿರುವ ಲೋಹದ ಭಾಗಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಎರಡನೆಯ ಫಿಲ್ಟರಿನ ಐದನೇ ತಿಂಗಳಲ್ಲಿ ಸದ್ದು ಆರಂಭವಾದಾಗ ನನಗೆ ಇದಾವುದೂ ತಿಳಿದಿರಲಿಲ್ಲ. ಆಯಿಲ್ ಗ್ರೇಡನ್ನೇ ಶಂಕಿಸಿದೆ, ಬದಲಿಸಿದೆ, ಸದ್ದು ಹೋಗಲಿಲ್ಲ. ಕೊನೆಗೆ ಫಿಲ್ಟರನ್ನೇ ಬಿಚ್ಚಿ ಹ್ಯಾಕ್ಸಾದಿಂದ ಕತ್ತರಿಸಿದೆ. ಒಳಗಿನ ಕಾಗದದ ಮಡಿಕೆಗಳಲ್ಲಿ ಮಿನುಗುವ ಲೋಹದ ಪುಡಿ ಕಂಡು, ಎಂಜಿನ್ನಿನ ಆಯುಸ್ಸು ಮುಗಿಯಿತೆಂದೇ ಎದೆ ಒಡೆದುಕೊಂಡೆ. ಆ ಪುಡಿಯೆಲ್ಲ ನನ್ನ ಗರಗಸವೇ ಉದುರಿಸಿದ್ದು ಎಂದು ಅರಿವಾಗಲು ಅರ್ಧ ದಿನ ಬೇಕಾಯಿತು. ಫಿಲ್ಟರ್ ತೆರೆದು ನೋಡಬೇಕೆನ್ನುವವರು, ಪೈಪ್ ಕಟರಿನಂತೆ ಚಕ್ರದಿಂದ ಸುತ್ತಲೂ ಸೀಳುವ ಫಿಲ್ಟರ್ ಕಟರನ್ನು ಮೊದಲು ಕೊಳ್ಳಿ.

ಕಟರ್ ಬಂದ ಮೇಲೆ ಈ ಕೆಲಸಕ್ಕೆ ಒಂದು ಕ್ರಮವೇ ಏರ್ಪಟ್ಟಿತು, ಈಗ ಆಯಿಲ್ ಬದಲಿಸುವ ದಿನಕ್ಕಾಗಿ ನಾನು ಕಾಯುವುದು ಮುಖ್ಯವಾಗಿ ಇದಕ್ಕೇ. ಬಿಚ್ಚಿದ ಡಬ್ಬಿಯನ್ನು ಇಡೀ ರಾತ್ರಿ ಟ್ರೇಯ ಮೇಲೆ ಬೋರಲಾಗಿ ಇಡುತ್ತೇನೆ. ಮರುದಿನ ಬೆಳಗ್ಗೆ ಕಟರನ್ನು ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಬಿಗಿಮಾಡುತ್ತಾ ತಿರುಗಿಸಿದರೆ, ಏಳೆಂಟು ಸುತ್ತಿನಲ್ಲಿ ಟಪ್ಪೆಂಬ ಸಣ್ಣ ಸದ್ದಿನೊಂದಿಗೆ ಡಬ್ಬಿ ಬಾಯಿ ಬಿಡುತ್ತದೆ. ಒಳಗಿನ ಉರುಳೆಯನ್ನು ಎತ್ತಿ, ಮಡಿಕೆಗಳನ್ನು ಎರಡೂ ತುದಿಗಳಲ್ಲಿ ಕತ್ತಿಯಿಂದ ಬಿಡಿಸಿ, ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟು ಆಯಿಲ್ ಹೀರಿಸಿದ ನಂತರ ಬಿಸಿಲಿಗೆ ಹಿಡಿದು ಒಂದೊಂದೇ ಮಡಿಕೆಯನ್ನು ಹರಡುತ್ತೇನೆ. ಕಪ್ಪು ಇಂಗಾಲದ ಚುಕ್ಕೆಗಳು ಇದ್ದೇ ಇರುತ್ತವೆ, ನವಿರಾದ ಒಂದೆರಡು ಮಿನುಗುಗಳೂ ಇರಬಹುದು. ಬೆರಳಿಗೆ ಚುಚ್ಚುವಂಥ ಚಕ್ಕೆಗಳು ಕಂಡರೆ ಮಾತ್ರ ಗಾಬರಿಯಾಗಬೇಕು. ಕೊನೆಯಲ್ಲಿ ರಬ್ಬರ್ ಬಿಲ್ಲೆಯನ್ನು ಒರೆಸಿ, ದಿನಾಂಕದ ಚೀಟಿ ಕಟ್ಟಿ, ಗೋಡೆಯ ಮೊಳೆಗೆ ಪೋಣಿಸುತ್ತೇನೆ. ಗರಗಸಕ್ಕೆ ಸಿಕ್ಕಿ ಹರಿದುಹೋದ ಆ ಮೊದಲನೆಯದರ ಚೂರಿನಿಂದ ಹಿಡಿದು ಈಗ ಅಲ್ಲಿ ಎಂಟು ಬಿಲ್ಲೆಗಳಿವೆ. ಕಾರಿನ ಮೊತ್ತಮೊದಲ ಫಿಲ್ಟರ್ ಕಸಕ್ಕೆ ಹೋಗುವುದರಲ್ಲಿತ್ತು, ಅದರ ಡಬ್ಬಿಯನ್ನು ಉಳಿಸಿಕೊಂಡು ಆಮೇಲೆ ಕತ್ತರಿಸಿದೆನಾದರೂ ಬಿಲ್ಲೆ ಎಲ್ಲೋ ಕಳೆದುಹೋಯಿತು. ಮನೆಯವರು ಇದನ್ನು ಹುಚ್ಚೆನ್ನುತ್ತಾರೆ, ನನ್ನಲ್ಲಿ ಪ್ರತ್ಯುತ್ತರವಿಲ್ಲ.

ಆ ಮೊಳೆಯೇ ಅಗ್ಗದ ಫಿಲ್ಟರಿನ ಕಥೆಯನ್ನು ಹೇಳುತ್ತದೆ. ಅದರ ಬಿಲ್ಲೆಗಳು ನೈಟ್ರೈಲ್ ರಬ್ಬರಿನವು. ಹೊಸದರಲ್ಲಿ ಕಿವಿಯ ಹಾಲೆಯಂತೆ ಮಡಚಿಕೊಳ್ಳುವ ಈ ರಬ್ಬರು ಬಿಸಿ ಆಯಿಲಿನಲ್ಲಿ ತಿಂಗಳುಗಟ್ಟಲೆ ಬೆಂದು ಗಡುಸಾಗುತ್ತದೆ. ಎಂಟು ತಿಂಗಳ ನಂತರ ಹೊರತೆಗೆದ ನನ್ನ ಬಿಲ್ಲೆಗಳು ಬಗ್ಗಿಸಿದರೆ ಬಗ್ಗಿದಲ್ಲೇ ನಿಂತವು, ಅಂಚು ಅಲೆಯಲೆಯಾಗಿ ಸೊಟ್ಟಗಾಗಿತ್ತು. ಆ ಡಬ್ಬಿಯ ಬಗ್ಗೆ ನನಗೆ ಇನ್ನೊಂದು ತಿರಸ್ಕಾರವೂ ಇತ್ತು. ಅದರ ಮಡಿಕೆಗಳ ಎರಡೂ ತುದಿಗಳಿಗೆ ಲೋಹದ ಮುಚ್ಚಳಗಳ ಬದಲು ಗಟ್ಟಿ ಕಾಗದದ ಬಿಲ್ಲೆಗಳನ್ನು ಅಂಟಿಸಿದ್ದರು. ಎಂಜಿನ್ನಿನೊಳಗೆ ರಟ್ಟು ಎಂದರೆ ಯಾರಿಗೆ ತಾನೇ ನಂಬಿಕೆ ಬಂದೀತು? ನಾಲ್ಕನೆಯದನ್ನು ಕತ್ತರಿಸಿದ ದಿನವೇ ಈ ಜಾತಿಯ ಸಹವಾಸ ಸಾಕೆಂದು ನಿರ್ಧರಿಸಿ, ಎರಡರಷ್ಟು ಬೆಲೆ ತೆತ್ತು ದೊಡ್ಡವರ ಡಬ್ಬಿಯನ್ನು ತಂದೆ.

ಅದನ್ನು ಕೈಯಲ್ಲಿ ಹಿಡಿದಾಗ ಆದ ಸಂತೋಷವನ್ನು ಅಲ್ಲಗಳೆಯಲಾರೆ. ತಗಡು ದಪ್ಪ, ತೂಕ ಹೆಚ್ಚು, ಜಿಡ್ಡುಗೈಗೂ ಜಾರದ ಒರಟು ಲೇಪನ, ಒಳಗೆ ತಂತಿಬಲೆಯ ಆಸರೆಯಿರುವ ಸಿಂಥೆಟಿಕ್ ಹಾಳೆ, ಲೋಹದ ಮುಚ್ಚಳಗಳು, ಸಿಲಿಕೋನ್ ವಾಲ್ವ್. ಸಿಲಿಕೋನ್ ಶಾಖವನ್ನು ನೈಟ್ರೈಲಿಗಿಂತ ಚೆನ್ನಾಗಿ ತಾಳುತ್ತದೆ. ಬೆಳಗಿನ ಕಟಕಟ ಮಾರನೆಯ ದಿನದಿಂದಲೇ ನಿಂತಿತು, ಎಂಟು ತಿಂಗಳೂ ನಿಂತೇ ಇತ್ತು. ಈ ವಿಮರ್ಶೆಯನ್ನು ಆಗಲೇ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಟ್ಟುಬಿಡುತ್ತಿದ್ದೆ.

ಮುಂದಿನ ಎರಡನ್ನು ಕತ್ತರಿಸಿದಾಗ ಮನಸ್ಸು ಕಹಿಯಾಯಿತು. ಶೋಧಿಸಿದ ಆಯಿಲ್ ಹೊರಹೋಗುವ ನಡುಗೊಳವೆಯಲ್ಲಿ ಈ ತಯಾರಕರು ದುಂಡು ರಂಧ್ರಗಳನ್ನು ಕೊರೆಯದೆ, ತಗಡನ್ನು ಸೀಳಿ ಕಿಟಕಿಯ ಪಟ್ಟಿಗಳಂತೆ ಒಳಮುಖವಾಗಿ ಬಾಗಿಸಿರುತ್ತಾರೆ. ಆರನೆಯ ಫಿಲ್ಟರಿನಲ್ಲಿ ಒಂದು ಬದಿಯ ಸೀಳುಗಳು ಸರಿಯಾಗಿ ತೆರೆದೇ ಇರಲಿಲ್ಲ. ಅಚ್ಚು ಸವೆದಿತ್ತೋ ಏನೋ, ಗೀರು ಹಾಕಿದಂತೆ ಮುಚ್ಚಿಕೊಂಡಿದ್ದವು. ಏಳನೆಯದರಲ್ಲಿ ಅದಕ್ಕಿಂತ ಗಂಭೀರವಾದದ್ದು ಕಂಡಿತು. ಆಯಿಲ್ ಚಳಿಗೆ ದಪ್ಪವಾಗಿದ್ದಾಗ ಅಥವಾ ಹಾಳೆ ಕಟ್ಟಿಕೊಂಡಾಗ ಎಂಜಿನ್ ಬರಗೆಡಬಾರದೆಂದು, ಶೋಧಿಸದೆಯೇ ಆಯಿಲ್ ಬಿಡುವ ಬೈಪಾಸ್ ವಾಲ್ವ್ ಪ್ರತಿ ಎಂಜಿನ್ನಿಗೂ ಬೇಕು. ಅದು ಕೆಲವು ಕಾರುಗಳಲ್ಲಿ ಎಂಜಿನ್ನಿನಲ್ಲೇ ಇರುತ್ತದೆ, ನನ್ನದರಲ್ಲಿ ಫಿಲ್ಟರಿನೊಳಗಿದೆ. ಈ ಡಬ್ಬಿಯಲ್ಲಿ ಆ ವಾಲ್ವನ್ನು ತಳದ ಪಟ್ಟಿ ಸ್ಪ್ರಿಂಗಿನಲ್ಲೇ ಕೂರಿಸಿದ್ದರು, ಮುಚ್ಚಳ ಮತ್ತು ಸ್ಪ್ರಿಂಗ್ ಲೋಹಕ್ಕೆ ಲೋಹ ತಾಗಿ ಮುಚ್ಚಿಕೊಳ್ಳಬೇಕಿತ್ತು. ಕತ್ತಲೆಯ ಕೋಣೆಯಲ್ಲಿ ನಡುಗೊಳವೆಯೊಳಗೆ ಟಾರ್ಚ್ ಬಿಟ್ಟು, ಸ್ಪ್ರಿಂಗನ್ನು ಅದರ ಜಾಗದಲ್ಲಿ ಒತ್ತಿಹಿಡಿದು ನೋಡಿದರೆ, ಎರಡರ ನಡುವೆ ಬಿದಿಗೆಯ ಚಂದ್ರನಂತೆ ಒಂದು ಬೆಳಕಿನ ಗೆರೆ. ಬೆಳಕು ನುಸುಳುವಲ್ಲಿ ಕೊಳೆ ಆಯಿಲೂ ನುಸುಳುತ್ತದೆ, ಅದೂ ಬೈಪಾಸ್ ತೆರೆಯುವ ಅಗತ್ಯವೇ ಇಲ್ಲದ ಹೊತ್ತಿನಲ್ಲಿ. ಅಗ್ಗದ ಫಿಲ್ಟರ್ ಪ್ರತಿ ಬೆಳಗ್ಗೆ ಕಟಕಟಿಸಿ ತನ್ನ ದೋಷವನ್ನು ತಾನೇ ಸಾರುತ್ತಿತ್ತು; ಈ ಘನಗಂಭೀರ ಡಬ್ಬಿ ಎಂಟು ತಿಂಗಳು ತುಟಿ ಪಿಟಕ್ಕೆನ್ನಲಿಲ್ಲ. ಕತ್ತರಿಸದೇ ಹೋಗಿದ್ದರೆ ಅದರ ಮೌನವನ್ನೇ ಗುಣಮಟ್ಟವೆಂದು ಇಂದಿಗೂ ಹೊಗಳುತ್ತಿದ್ದೆ.

ಆ ಸಿಟ್ಟಿನಲ್ಲೇ ಹಳೆಯ ಪೆಟ್ಟಿಗೆ ತೆರೆದು, ಅಗ್ಗದ ನಾಲ್ಕರ ಒಳಭಾಗಗಳನ್ನು ಮತ್ತೆ ಹರಡಿಕೊಂಡು ಕುಳಿತೆ. ನಾನು ಅಣಕಿಸಿದ್ದ ರಟ್ಟಿನ ಮುಚ್ಚಳಗಳ ಅಂಟು ನಾಲ್ಕರಲ್ಲಿ ಒಂದರಲ್ಲೂ ಬಿಟ್ಟಿರಲಿಲ್ಲ. ಮಡಿಕೆಗಳ ಅಂತರ ಸಮನಾಗಿತ್ತು, ಹಾಳೆಯ ಎರಡು ಅಂಚುಗಳು ಸೇರುವ ಹೊಲಿಗೆಯಂಥ ಜಾಗದಲ್ಲಿ ಹರಿದಿರಲಿಲ್ಲ, ನಡುಗೊಳವೆಯ ರಂಧ್ರಗಳೆಲ್ಲ ದುಂಡಗೆ ತೆರೆದಿದ್ದವು. ಕೆಟ್ಟಿದ್ದು ರಬ್ಬರೊಂದೇ. ಫಿಲ್ಟರಿನ ಬಾಯಿ ಮೇಲಕ್ಕಿದ್ದು ಡಬ್ಬಿ ನೆಟ್ಟಗೆ ಕೆಳಕ್ಕೆ ತೂಗುವ ಎಂಜಿನ್ನುಗಳಲ್ಲಿ ಆಯಿಲ್ ತನ್ನಷ್ಟಕ್ಕೇ ಒಳಗೆ ಉಳಿಯುತ್ತದೆ, ಅಲ್ಲಿ ಆ ರಬ್ಬರಿಗೆ ಹೆಚ್ಚಿನ ಕೆಲಸವೇ ಇಲ್ಲ. ಅಂಥ ಕಾರಿನವರು ನಾನು ದೂರವಿಟ್ಟ ಫಿಲ್ಟರನ್ನೇ ನಿಶ್ಚಿಂತೆಯಿಂದ ಕೊಳ್ಳಬಹುದು. ನಾಲ್ಕು ಸಲ ಅದನ್ನು ಬೈದದ್ದಕ್ಕೆ ನನಗೀಗ ಸ್ವಲ್ಪ ಸಂಕೋಚವಿದೆ.

ಕಣ್ಣಿನಿಂದ ಅಳೆಯಲಾಗದ ಒಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶೋಧಿಸುವ ಸಾಮರ್ಥ್ಯವನ್ನು ಐಎಸ್‌ಒ 4548-12 ಎಂಬ ಪರೀಕ್ಷೆಯಲ್ಲಿ, ಅಳತೆ ಗೊತ್ತಿರುವ ಧೂಳನ್ನು ಆಯಿಲಿನಲ್ಲಿ ಬೆರೆಸಿ ಮತ್ತೆ ಮತ್ತೆ ಹಾಯಿಸಿ ಲೆಕ್ಕ ಹಾಕುತ್ತಾರೆ. 20 ಮೈಕ್ರಾನ್ ಎಂದರೆ ಮಿಲಿಮೀಟರಿನ 50ನೇ ಒಂದು ಭಾಗ; ಆ ಗಾತ್ರದ ಕಣವನ್ನು ಹಾಳೆ ಹಿಡಿಯಿತೋ ಬಿಟ್ಟಿತೋ ಎಂಬುದು ನನ್ನ ಬಿಸಿಲಿಗೂ ಪತ್ರಿಕೆಗೂ ಕಾಣುವುದಿಲ್ಲ. ಪೆಟ್ಟಿಗೆಯ ಮೇಲೆ ಶೇ 99 ಎಂದಷ್ಟೇ ಅಚ್ಚಾಗಿದ್ದು ಎಷ್ಟು ಮೈಕ್ರಾನಿಗೆ ಎಂದು ಬರೆದಿಲ್ಲದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ನಾನು ಅಳೆಯುತ್ತಿರುವುದು ಕಟ್ಟುವ ಕೆಲಸದ ಅಚ್ಚುಕಟ್ಟನ್ನು ಮಾತ್ರ. ಆದರೆ ಸಂದಿಯಿಂದ ಸೋರಿಹೋಗುವ ಆಯಿಲಿಗೆ ಎಷ್ಟು ನಯವಾದ ಹಾಳೆ ಇದ್ದೂ ಏನು ಪ್ರಯೋಜನ?

ಎಂಟನೆಯದು ಮತ್ತು ಒಂಬತ್ತನೆಯದು ಮೂರನೇ ಜಾತಿಯವು. ನೋಟಕ್ಕೆ ಇವು ಮೂರರಲ್ಲೂ ಕಳಪೆ. ತಗಡು ತೆಳು, ಬಣ್ಣ ಉಗುರಿಗೇ ಕೆರೆದು ಬರುತ್ತದೆ, ಆಯಿಲ್ ಸೋರದಂತೆ ತಡೆಯುವ ರಬ್ಬರ್ ಉಂಗುರ, ಅಂದರೆ ಗ್ಯಾಸ್ಕೆಟ್, ತಳದ ತಟ್ಟೆಯ ತೋಡಿನಲ್ಲಿ ಸಡಿಲವಾಗಿದ್ದು ಅಡ್ಡಲಾಗಿ ಜೋಡಿಸುವಾಗ ಜಾರಿ ಬೀಳುತ್ತದೆ. ಈ ಕೊನೆಯದು ನನಗೆ ನಿಜವಾದ ಕಿರಿಕಿರಿ. ಹಿಂದೊಮ್ಮೆ ಹಳೆಯ ಗ್ಯಾಸ್ಕೆಟ್ ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು; ಅದರ ಮೇಲೆ ಹೊಸದನ್ನು ಬಿಗಿದಿದ್ದರೆ ಒತ್ತಡಕ್ಕೆ ಆಯಿಲೆಲ್ಲ ಹೊರಚೆಲ್ಲುತ್ತಿತ್ತು. ಅಂದಿನಿಂದ ಗ್ಯಾಸ್ಕೆಟ್ ಕೂರುವ ಜಾಗವನ್ನು ಬೆರಳಿನಿಂದ ಪೂರ್ತಿ ಒಂದು ಸುತ್ತು ಸವರಿ ನೋಡದೆ ನಾನು ಏನನ್ನೂ ಜೋಡಿಸುವುದಿಲ್ಲ. ಹೊಸ ಗ್ಯಾಸ್ಕೆಟ್ಟಿಗೆ ಆಯಿಲ್ ಹಚ್ಚಿ, ಅದು ತಾಗಿದ ಮೇಲೆ ಪೆಟ್ಟಿಗೆಯಲ್ಲಿ ಹೇಳಿದಂತೆ ಮುಕ್ಕಾಲು ಸುತ್ತು ಕೈಯಿಂದಲೇ ಬಿಗಿಯುತ್ತೇನೆ.

ಒಳಗೆ ಮಾತ್ರ ಬೇರೆಯದೇ ಲೋಕ. ಸುರುಳಿ ಸ್ಪ್ರಿಂಗು, ದುಂಡು ರಂಧ್ರಗಳು, ಹಾಳೆಯ ಅಂಚುಗಳನ್ನು ಹಿಡಿದಿಡುವ ಲೋಹದ ಪಟ್ಟಿ, ಬೈಪಾಸ್ ವಾಲ್ವಿಗೆ ಪ್ರತ್ಯೇಕವಾದ ಆಸನ. ಟಾರ್ಚ್ ಪರೀಕ್ಷೆಯಲ್ಲಿ ಎರಡರಲ್ಲೂ ಕಗ್ಗತ್ತಲೆ. ಸಿಲಿಕೋನ್ ಬಿಲ್ಲೆಗಳು ಎಂಟು ತಿಂಗಳ ನಂತರವೂ ಎರಡಾಗಿ ಮಡಚಿ ಬಿಟ್ಟರೆ ಪುಟಿದು ತಮ್ಮ ಆಕಾರಕ್ಕೆ ಮರಳುತ್ತವೆ. ಬಣ್ಣ ನೋಡಿ ಸಿಲಿಕೋನ್ ಎಂದು ತೀರ್ಮಾನಿಸಬೇಡಿ. ಕಿತ್ತಳೆ ಬಣ್ಣದ್ದು ಸಾಮಾನ್ಯವಾದರೂ ರಬ್ಬರಿಗೆ ಯಾವ ಬಣ್ಣವನ್ನಾದರೂ ಬೆರೆಸಬಹುದು. ಹಾಗೆಯೇ ಡಬ್ಬಿಯ ಬಾಯಿಯ ತಿರುಪಿನ ಸುತ್ತು ಹೊಂದಿತೆಂದು ಬೇರೆ ಕಾರಿನ ಫಿಲ್ಟರನ್ನು ಹಾಕಬೇಡಿ. ಎಂ 20 × 1.5 ಎಂಬ ಒಂದೇ ಅಳತೆಯ ತಿರುಪಿನ ಡಬ್ಬಿಗಳು ಎಷ್ಟೋ ಇವೆ, ಅವುಗಳ ಬೈಪಾಸ್ ತೆರೆಯುವ ಒತ್ತಡ ಒಂದೇ ಇರುವುದಿಲ್ಲ.

ಹತ್ತನೆಯದೂ ಇದೇ ಜಾತಿಯದು, ಕಾರಿನಲ್ಲಿ ಕೂತು ಆರು ತಿಂಗಳಾಯಿತು. ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ; ಐದನೆಯದನ್ನು ಹಿಡಿದಿಟ್ಟಿರುವುದು ಆ ಜಾರುವ ಗ್ಯಾಸ್ಕೆಟ್. ಕಳೆದ ವಾರ ಕಾರು ನಾಲ್ಕು ದಿನ ನಿಂತೇ ಇತ್ತು. ಸ್ಟಾರ್ಟ್ ಮಾಡುವ ಮುನ್ನ ಕಿಟಕಿಯ ಗಾಜು ಇಳಿಸಿ ಕಿವಿಗೊಟ್ಟೆ: ಆಯಿಲ್ ದೀಪ ಒಂದು ಸೆಕೆಂಡಿನಲ್ಲಿ ಆರಿತು, ಕಟಕಟ ಇರಲಿಲ್ಲ. ಆದರೂ ಟಾರ್ಚಿನ ಸೆಲ್ ಬದಲಿಸಿ ಇಟ್ಟಿದ್ದೇನೆ, ಇನ್ನು ಎರಡೇ ತಿಂಗಳು.